ಬ್ಯಾನಿ ಇಲ್ಲದ ಗಂಟು

ಮಾದನಹಿಪ್ಪರಗಾ



ನಿಮ್ಮ ಕಾಗದ ಬಂದು ಎರಡು ವಾರವಾಯಿತು. ನ್ಯೂಜೆರ್ಸಿಯಲ್ಲಿ ಕೂತು ನನ್ನ ಬರಹ ಓದುವ ನಿಮಗೆ ಇಷ್ಟು ತಡವಾಗಿ ಉತ್ತರಿಸಬಾರದಿತ್ತು. ಆದರೆ ನೀವು ಕೇಳಿದ್ದು ಸಣ್ಣ ಮಾತಲ್ಲ. ‘ಸಂಘದ ಗೆಳತಿಯರೆಲ್ಲ ಸೇರಿ ಅಕ್ಟೋಬರ್‌ಗೆ ಹಣ ಕೂಡಿಸುತ್ತಿದ್ದೇವೆ, ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹೆಣ್ಣುಮಕ್ಕಳ ಎದೆ ಕ್ಯಾನ್ಸರ್ ತಪಾಸಣೆಗೆ ಮ್ಯಾಮೋಗ್ರಾಂ ಯಂತ್ರವಿರುವ ಒಂದು ಬಸ್ಸು ಕೊಡಿಸೋಣವೇ’ ಎಂದಿದ್ದೀರಿ.

ಬಸ್ಸು ಬೇಡ ಅಕ್ಕಾ. ಸಿಟ್ಟಾಗಬೇಡಿ, ಈಚಿನ ಒಂದು ಸಂಜೆಯ ಸಂಗತಿ ಹೇಳುತ್ತೇನೆ, ಕೇಳಿ.

ಈಗ ಇಲ್ಲಿ ತೊಗರಿ ಹೊಲದ ಕಸ ತೆಗೆಯುವ ಕಾಲ. ಹಗಲು ಹೊತ್ತು ಓಣಿಯಲ್ಲಿ ಒಬ್ಬ ಹೆಣ್ಣುಮಗಳೂ ಸಿಗುವುದಿಲ್ಲ. ಹಾಗಾಗಿ ನಮ್ಮ ಆಶಾ ಕಾರ್ಯಕರ್ತೆ ದೀಪ ಹಚ್ಚುವ ಹೊತ್ತಿಗೆ ಮನೆ ಮನೆ ತಿರುಗುತ್ತಾಳೆ. ಮೂವತ್ತು ದಾಟಿದವರಿಗೆಲ್ಲ ಒಂದು ಫಾರಂ ತುಂಬಬೇಕು. ತಂಬಾಕು, ಬಿಪಿ, ಸಕ್ಕರೆ ಕಾಯಿಲೆ ಎಂದು ಕೇಳುತ್ತ ಹೋಗಿ, ಹೆಂಗಸರ ಪಾಲಿಗೆ ಬಂದಾಗ ಎದೆಯಲ್ಲಿ ಗಂಟಿದೆಯೇ, ತೊಟ್ಟಿನಿಂದ ರಕ್ತ ಬರುತ್ತದೆಯೇ, ಆಕಾರ ಬದಲಾಗಿದೆಯೇ ಎಂಬ ಪ್ರಶ್ನೆಗಳು. ಆ ಸಂಜೆ ನಾನೂ ಅವಳ ಹಿಂದೆ ಹೋಗಿದ್ದೆ. ಒಂದು ಮನೆಯಲ್ಲಿ ಸೊಸೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕಟ್ಟೆಯ ಮೇಲೆ ಮಾವ, ಬಾಗಿಲಲ್ಲಿ ಅತ್ತೆ, ಒಳಗೆ ಗಂಡ. ಕೇಳಿದ್ದಕ್ಕೆಲ್ಲ ‘ಇಲ್ರಿ, ಇಲ್ರಿ’. ರೊಟ್ಟಿಯ ಮೇಲಿನ ಕಣ್ಣು ತೆಗೆಯಲಿಲ್ಲ. ಫಾರಂ ತುಂಬಿ ಮುಗಿಯಿತು, ಎಲ್ಲ ಸರಿ ಇದೆ ಎಂದಾಯಿತು.

ಚಪ್ಪಲಿ ಮೆಟ್ಟಿ ಹತ್ತು ಹೆಜ್ಜೆ ಹೋಗಿರಬೇಕು, ಆ ಹುಡುಗಿ ದನಕ್ಕೆ ನೀರಿಡುವ ನೆಪ ಮಾಡಿ ಬಕೀಟು ಹಿಡಿದು ಹಿತ್ತಲಿಂದ ಬಂದಳು. ಹಿಟ್ಟು ಮೆತ್ತಿದ ಕೈ ಸೆರಗಿನ ಒಳಗಿತ್ತು. ‘ಯಕ್ಕಾ, ಇಲ್ಲೊಂದು ಗಂಟ ಅದ. ಖರೇ ಬ್ಯಾನಿ ಇಲ್ಲ. ಬ್ಯಾನಿ ಇಲ್ದಿದ್ದಕ್ಕ ದವಾಖಾನಿಗಿ ಹೋಗ್ತೀನಂದ್ರ ಮನ್ಯಾಗ ಏನಂತಾರ?’ ಎಷ್ಟಿದೆ ಎಂದರೆ, ‘ಎಳ್ಳಮಾಸಿಗಿ ತೊಗರಿ ಕಾಳಷ್ಟಿತ್ತು, ಈಗ ಬಾರಿಹಣ್ಣಿನಷ್ಟಾಗ್ಯಾದ.’

ಎಳ್ಳ ಅಮಾವಾಸ್ಯೆಯಿಂದ ಇಲ್ಲಿಗೆ ಎಂಟು-ಒಂಬತ್ತು ತಿಂಗಳು. ಚರಗ ಚೆಲ್ಲಿ ಬಂದ ದಿನ ಕೈಗೆ ಹತ್ತಿದ ಕಾಳನ್ನು ಅವಳು ಇಷ್ಟು ದಿನ ಒಬ್ಬಳೇ ಅಳೆಯುತ್ತಿದ್ದಾಳೆ. ಈಗ ಹೇಳಿ, ನಿಮ್ಮ ಬಸ್ಸು ಆ ಓಣಿಯ ಬಾಯಿಗೇ ಬಂದು ನಿಂತಿದ್ದರೂ ಮಾವನ ಮುಂದೆ ಹಾದು ಅದನ್ನು ಹತ್ತುತ್ತಿದ್ದಳೇ? ಅವಳ ವಯಸ್ಸೂ ಇನ್ನೂ ಮೂವತ್ತೈದರೊಳಗೆ. ಎಳೆಯ ವಯಸ್ಸಿನ ಎದೆ ಒತ್ತಾಗಿರುತ್ತದೆ, ಮ್ಯಾಮೋಗ್ರಾಂ ಚಿತ್ರದಲ್ಲಿ ಗಂಟು ಮರೆಯಾಗಿಬಿಡಬಹುದು. ನಿಮ್ಮ ಅಮೆರಿಕಕ್ಕಿಂತ ನಮ್ಮಲ್ಲಿ ಈ ರೋಗ ಚಿಕ್ಕ ವಯಸ್ಸಿನಲ್ಲೇ ಹೆಚ್ಚು ಕಾಣಿಸಿಕೊಳ್ಳುತ್ತದೆ ಬೇರೆ.

ಭಾಷೆಯದೂ ಒಂದು ತೊಡಕು. ಗೋಡೆಯ ಮೇಲಿನ ಚಿತ್ರಪಟದಲ್ಲಿ ‘ಸ್ತನ’ ಎಂದಿರುತ್ತದೆ. ಆ ಶಬ್ದವನ್ನು ನಮ್ಮೂರಲ್ಲಿ ಯಾರ ಬಾಯಿಂದಲೂ ನಾನು ಕೇಳಿಲ್ಲ. ‘ಎದಿ ತೋರಸ್ರಿ’ ಎಂದರೆ ಹೃದಯದ ತಪಾಸಣೆ ಎಂದುಕೊಂಡು ಮುದುಕರೆಲ್ಲ ಸಾಲಿಗೆ ನಿಂತದ್ದನ್ನು ಒಂದು ಶಿಬಿರದಲ್ಲಿ ಕಣ್ಣಾರೆ ನೋಡಿದ್ದೇನೆ. ‘ಮಲಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ, ಆದರೆ ಅದು ಬಾಣಂತನದ ಮಾತು. ಗಂಟು ಅಂದರೆ ಹಾಲು ಕಟ್ಟಿದ್ದು ಎಂದುಕೊಂಡು ಅರಿಶಿನ ಹಚ್ಚಿ ಸುಮ್ಮನಾಗುತ್ತಾರೆ.

ಮಾತಿಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ದೂರದ ಸಾಕ್ಷಿ ಬೇಕಿಲ್ಲ. ನಮ್ಮ ಗಡಿ ದಾಟಿದರೆ ಸೊಲ್ಲಾಪುರ ಜಿಲ್ಲೆ, ಅದರ ಆ ತುದಿಗೆ ಬಾರ್ಶಿ. 1987ರಲ್ಲಿ ಅಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯಿತು. ಬಾರ್ಶಿ, ಪರಾಂಡಾ, ಭೂಮ್ ತಾಲ್ಲೂಕುಗಳ ಹಳ್ಳಿ ತಿರುಗಿ ಎಷ್ಟು ಜನಕ್ಕೆ ಕ್ಯಾನ್ಸರ್ ಇದೆ ಎಂದು ಬರೆದುಕೊಂಡು ಬರುವುದು ಸಿಬ್ಬಂದಿಯ ಕೆಲಸ. ನೋಂದಣಿ ಅಂದರೆ ಲೆಕ್ಕ ಅಷ್ಟೇ. ಆದರೆ ಹಳ್ಳಿಯಲ್ಲಿ ದವಾಖಾನೆಯೂ ಇಲ್ಲ, ದಾಖಲೆಯೂ ಇಲ್ಲ, ಕೂತು ಮಾತಾಡದೆ ಲೆಕ್ಕ ಸಿಗುವುದಿಲ್ಲ. ಅವರು ಕೂತರು, ಯಾವ ಲಕ್ಷಣ ಕಂಡರೆ ತಡಮಾಡಬಾರದು ಎಂದು ಹೇಳಿದರು. ಕೆಲವು ವರ್ಷಗಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಇದ್ದ ಹೆಂಗಸರು ಮೊದಲಿಗಿಂತ ಬೇಗನೆ, ರೋಗ ಇನ್ನೂ ಸಣ್ಣದಿರುವಾಗಲೇ ಆಸ್ಪತ್ರೆಗೆ ಬರತೊಡಗಿದರು. 1995ರಲ್ಲಿ ಅವರೇ ಇದನ್ನು ಪ್ರಕಟಿಸಿದರು. ಎಣಿಸಲು ಹೋದವರು ಎಣಿಕೆಯನ್ನೇ ಬದಲಿಸಿ ಬಂದರು. ನನಗೆ ಈ ಕಥೆ ಯಾಕೋ ಬಹಳ ಇಷ್ಟ.

ಎದೆ ಕ್ಯಾನ್ಸರಿನ ಮಾತಿಗೆ ಮುಂಬಯಿಗೆ ಹೋಗಬೇಕು. 1998ರಿಂದ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಅಲ್ಲಿನ ಕೊಳೆಗೇರಿಗಳ ಒಂದೂವರೆ ಲಕ್ಷ ಹೆಂಗಸರನ್ನು ಇಪ್ಪತ್ತು ವರ್ಷ ಗಮನಿಸಿದರು. ಅರ್ಧದಷ್ಟು ಜನಕ್ಕೆ ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಬೆರಳಿನಿಂದ ಮುಟ್ಟಿ ನೋಡಿದರು. ಯಂತ್ರ ಇಲ್ಲ. 2021ರಲ್ಲಿ ಫಲಿತಾಂಶ ಬಂತು: ಹಾಗೆ ಮುಟ್ಟಿ ನೋಡಿಸಿಕೊಂಡವರಲ್ಲಿ ರೋಗ ಬೇಗ ಪತ್ತೆಯಾಗಿತ್ತು; ಐವತ್ತು ದಾಟಿದವರಲ್ಲಿ ಸಾವು ನೂರಕ್ಕೆ ಸುಮಾರು ಮೂವತ್ತರಷ್ಟು ತಗ್ಗಿತ್ತು. ಐವತ್ತರೊಳಗಿನವರಲ್ಲಿ ಸಾವು ಹಾಗೆ ಇಳಿಯಲಿಲ್ಲ, ಅದನ್ನೂ ನಿಮಗೆ ಹೇಳಿಬಿಡಬೇಕು. ಆ ಕೆಲಸಕ್ಕೆ ದುಡ್ಡು ಕೊಟ್ಟದ್ದು ನಿಮ್ಮ ಕಡೆಯ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯೇ.

ಇನ್ನು ಹಣದ ಮಾತು. ನಿಮ್ಮ ದೇಶದಲ್ಲಿ ಬಡ ಹೆಂಗಸರ ಉಚಿತ ತಪಾಸಣೆಗೆ ಕಾನೂನು ಬಂದದ್ದು 1990ರಲ್ಲಿ. ಗಂಟು ಸಿಕ್ಕಿತು, ಮುಂದೆ ಚಿಕಿತ್ಸೆಗೆ ಏನು ಮಾಡಬೇಕು ಎಂಬುದಕ್ಕೆ ಇನ್ನೊಂದು ಕಾನೂನು ಬರಲು ಹತ್ತು ವರ್ಷ ಬೇಕಾಯಿತು, 2000ದಲ್ಲಿ ಬಂತು. ನಮ್ಮದು ಇದರ ತಿರುವುಮುರುವು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಶುರುವಾದದ್ದು ನಮ್ಮ ಗುಲ್ಬರ್ಗಾ ವಿಭಾಗದಲ್ಲೇ. ಬಿಪಿಎಲ್ ಕಾರ್ಡಿದ್ದವರಿಗೆ ಕ್ಯಾನ್ಸರ್, ಹೃದಯದಂಥ ದೊಡ್ಡ ಕಾಯಿಲೆಗೆ ಚಿಕಿತ್ಸೆ ಪುಕ್ಕಟೆ. ಯೋಜನೆಯ ಗಡಿಯ ಈಚೆ 300, ಆಚೆ 272 ಹಳ್ಳಿ ಹೋಲಿಸಿ ನೋಡಿದವರು, ಈಚೆ ಆ ಕಾಯಿಲೆಗಳ ಸಾವು ನೂರಕ್ಕೆ 64ರಷ್ಟು ಕಡಿಮೆ ಎಂದು 2014ರಲ್ಲಿ ಬರೆದರು. 2018ರಿಂದ ಅದೇ ಆರೋಗ್ಯ ಕರ್ನಾಟಕ, ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ. ಕಲಬುರಗಿಯಲ್ಲೇ ಕಿದ್ವಾಯಿ ಕೇಂದ್ರವಿದೆ. ಅಂದರೆ ಕೊನೆಯ ಬಾಗಿಲು ತೆರೆದೇ ಇದೆ ಅಕ್ಕಾ. ಹಿತ್ತಲಿನಿಂದ ಆ ಬಾಗಿಲವರೆಗಿನ ದಾರಿಯೇ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 30ರಿಂದ 49ರ ಹೆಂಗಸರಲ್ಲಿ ಒಮ್ಮೆಯಾದರೂ ಎದೆ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ, 0.9.

ಆ ದಾರಿಗೆ ಏನು ಖರ್ಚು? ಕೂತು ಲೆಕ್ಕ ಹಾಕಿದೆ. ಒಮ್ಮೆ ಡಾಕ್ಟರಿಗೆ ತೋರಿಸಿ ಸ್ಕ್ಯಾನಿಗೆ, ಇನ್ನೊಮ್ಮೆ ಸೂಜಿ ಚುಚ್ಚಿ ತುಣುಕು ತೆಗೆಯಲು, ಮತ್ತೊಮ್ಮೆ ರಿಪೋರ್ಟಿಗೆ. ಕಡಿಮೆಯೆಂದರೂ ಕಲಬುರಗಿಗೆ ಮೂರು ಸಲ, ಆಳಂದದಲ್ಲಿ ಬಸ್ಸು ಬದಲಿಸಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟಿನ ದುಡ್ಡಿಲ್ಲ. ಗಂಡ ಜೊತೆಗೆ ಬಂದರೆ ಅವನಿಗೆ ಉಂಟು. ಕೂಲಿ ಇಬ್ಬರದೂ ಹೋಗುತ್ತದೆ. 2025-26ರ ನರೇಗಾ ದರ ದಿನಕ್ಕೆ 370 ಹಿಡಿದರೂ ಮೂರು ದಿನಕ್ಕೆ ಇಬ್ಬರದು 2,220 ರೂಪಾಯಿ. ಮೊದಲ ಸಲ ಹೇಗೋ ಹೋಗುತ್ತಾರೆ. ಎರಡನೆಯದಕ್ಕೆ ಸೂಜಿ ಎಂದ ಕೂಡಲೆ, ‘ಚುಚ್ಚಿದ್ರ ಮೈತುಂಬ ಹಬ್ಬತದ’ ಎಂದು ಯಾರೋ ಹೇಳುತ್ತಾರೆ. ಅದು ಸುಳ್ಳು ಎನ್ನಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಹಾಗೆ ಸೂಜಿಗೆ ಹೆದರಿ ಮನೆಯಲ್ಲೇ ಉಳಿದ ನಮ್ಮ ಚಿಗವ್ವನನ್ನು ನಾನು ನೋಡಿದ್ದೇನೆ. ಅದರ ಬಗ್ಗೆ ಇನ್ನೊಮ್ಮೆ ಬರೆದೇನು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಹಳ್ಳಿಗೊಬ್ಬ ಹೆಣ್ಣುಮಗಳು, ಗಂಟು ಕಂಡವಳ ಜೊತೆ ಮೂರೂ ಸಲ ಬಸ್ಸು ಹತ್ತುವವಳು. ಅವಳಿಗೂ ಟಿಕೀಟಿಲ್ಲ. ಅವಳ ಕೂಲಿ, ರೋಗಿಯ ಕೂಲಿ, ಮಧ್ಯಾಹ್ನದ ಚಹಾ. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವೇ ಅಲ್ಲ ಎಂದು ಬಸ್ಸಿನಲ್ಲಿ ಕೂತು ಹೇಳುವಷ್ಟು ತರಬೇತಿ. ಬಸ್ಸಿನ ಮೇಲಾದರೆ ನಿಮ್ಮ ಸಂಘದ ಹೆಸರು ದೊಡ್ಡದಾಗಿ ಬರೆಸಬಹುದಿತ್ತು, ಇದರಲ್ಲಿ ಅದಕ್ಕೆ ಜಾಗವಿಲ್ಲ. ಫೋಟೋ ಕೂಡ ಕಳಿಸಲಾರೆ. ಇನ್ನೊಂದು, ಹಣವನ್ನು ನನ್ನ ಖಾತೆಗೇ ಹಾಕುತ್ತೇವೆ ಎಂದಿದ್ದೀರಿ. ಪುಣ್ಯಾತ್ಗಿತ್ತಿ, ಹಾಗೆ ಮಾತ್ರ ಮಾಡಬೇಡಿ. ವಿದೇಶದ ದೇಣಿಗೆ ಎಫ್‌ಸಿಆರ್‌ಎ ನೋಂದಣಿ ಇರುವ ಸಂಸ್ಥೆಯ ಮೂಲಕವೇ ಬರಬೇಕು. ಅಂಥದೊಂದನ್ನು ವಿಚಾರಿಸುತ್ತಿದ್ದೇನೆ.

ಆ ಹುಡುಗಿಯದು ಎರಡು ಸಲದ ಓಡಾಟ ಮುಗಿದಿದೆ. ಮನೆಯಲ್ಲಿ ಕಣ್ಣಿನ ಪರೀಕ್ಷೆ ಎಂದು ಹೇಳಿದ್ದೇವೆ, ದೇವರು ಕ್ಷಮಿಸಲಿ. ನಾಳೆ ರಿಪೋರ್ಟು. ನಸುಕಿನ ಬಸ್ಸಿಗೆ ನಾನೂ ಹೊರಟಿದ್ದೇನೆ. ಅವಳು ರೊಟ್ಟಿ ಕಟ್ಟಿಕೊಂಡು ಬರುತ್ತಾಳಂತೆ, ಶೇಂಗಾ ಹಿಂಡಿ ನನ್ನ ಪಾಲಿಗೆ ಬಂದಿದೆ. ಇನ್ನೂ ಕುಟ್ಟಿಲ್ಲ, ಇಲ್ಲಿಗೆ ನಿಲ್ಲಿಸುತ್ತೇನೆ.