ಮುದ್ದತು

ನನ್ನ ಒಬ್ಬನೇ ಮಗನು ತನ್ನ ತಾಯಿಯ ಹನ್ನೆರಡನೆಯ ದಿನದ ಕರ್ಮಕ್ಕೆ ನಿಲ್ಲದೆ ಪರದೇಶಕ್ಕೆ ಹೊರಟುಹೋದನೆಂಬುದು ನಮ್ಮ ಉಪ್ಪಿನಬೆಟಗೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ನನ್ನೆದುರಿಗೆ ಯಾರೂ ಏನೂ ಆಡಲಿಲ್ಲ. ಆಡದಿದ್ದುದೇ ನನಗೆ ಹೆಚ್ಚು ನೊಂದಿತು. ಅದು 2023ರ ಕಾರ್ತಿಕ ಮಾಸ. ಮೂರನೆಯ ದಿನ ಬ್ಯಾಂಕಾಕಿನಿಂದ ಬಂದವನು ಏಳನೆಯ ದಿನ ಚೀಲ ಕಟ್ಟಿದನು. ಕೇಳಿದರೆ, "ವೀಸಾದ ಮುದ್ದತು ತೀರತದ, ಅಪ್ಪಾ" ಎಂದಿಷ್ಟೇ ಹೇಳಿದನು. ಸಪಿಂಡೀಕರಣವನ್ನು ನಾನೇ ಮಾಡಿದೆನು. ದರ್ಭೆ ಹಿಡಿದ ಕೈ ನಡುಗುತ್ತಿತ್ತು. ದುಃಖದಿಂದಲೋ ಸಿಟ್ಟಿನಿಂದಲೋ ಇಂದಿಗೂ ಹೇಳಲಾರೆನು.

ಮರುವರುಷ ತಿಥಿಯು ಸಮೀಪಿಸಿದಾಗ ಅವನಿಂದ ಕರೆ ಬಂದಿತು. ಈ ಸಲವೂ ಮುದ್ದತು ಅದೇ ತಿಂಗಳಲ್ಲಿ ಬರುವುದೆಂದೂ, ತಾನು ಅಲ್ಲಿಂದ ಕದಲಲಾರೆನೆಂದೂ, ನಾನೇ ಅಲ್ಲಿಗೆ ಬಂದು ಶ್ರಾದ್ಧವನ್ನು ಮಾಡಿಸಬೇಕೆಂದೂ ಕೇಳಿಕೊಂಡನು. ಮನಸ್ಸಿಲ್ಲದ ಮನಸ್ಸಿನಿಂದ ಹೊರಟೆನು. ಅಲ್ಲಿ ನಾಲ್ವತ್ತು ದಿನ ಇದ್ದೆನು. ಆ ದಿನಗಳಲ್ಲಿ ಕಂಡದ್ದನ್ನು ಬರೆಯಬೇಕೆಂದು ಈ ಪ್ರಯತ್ನ.

ವಿಮಾನ ಇಳಿದ ನಿಲ್ದಾಣದ ಹೆಸರು ಸುವರ್ಣಭೂಮಿ. ಪಾಠಶಾಲೆಯಲ್ಲಿ ಕಲಿತ ಮುದುಕನಿಗೆ ಇದಕ್ಕಿಂತ ಹೆಚ್ಚಿನ ಸ್ವಾಗತವು ಬೇಕಾಗಿರಲಿಲ್ಲ. ಆದರೆ ಮನೆ ಸೇರಿದ ದಿನವೇ ಮಗನು ನನ್ನ ರಹದಾರಿಯನ್ನು ಕೇಳಿ ತೆಗೆದುಕೊಂಡು ಸರಕಾರಕ್ಕೆ ಒಂದು ವರದಿಯನ್ನು ಕಳುಹಿಸಿದನು. ಪರದೇಶಸ್ಥನೊಬ್ಬನು ಮನೆಯಲ್ಲಿ ಇಳಿದುಕೊಂಡರೆ ಇಪ್ಪತ್ತನಾಲ್ಕು ತಾಸಿನೊಳಗೆ ಮನೆಯ ಯಜಮಾನನು ತಿಳಿಸಬೇಕೆಂಬುದು ಅಲ್ಲಿಯ 1979ರ ಕಾಯದೆ. ಹೆತ್ತ ಮಗನು ತಂದೆಯನ್ನು "ಪರದೇಶಸ್ಥ"ನೆಂದು ಬರೆದುಕೊಡುವುದನ್ನು ನೋಡಿ ನನಗೆ ನಗು ಬಂದಿತು, ಅವನು ನಗಲಿಲ್ಲ. ತಾನೂ ತೊಂಬತ್ತು ದಿನಗಳಿಗೊಮ್ಮೆ ಇಂಥಲ್ಲಿಯೇ ಇದ್ದೇನೆಂದು ತಿಳಿಸಬೇಕು, ತಡವಾದರೆ ಎರಡು ಸಾವಿರ ಬಾತು ದಂಡ, ಎಂದನು.

ಅವನದು ಹದಿನಾರು ಜನ ಕೂಡ್ರುವಷ್ಟು ಸಣ್ಣ ಶಾಕಾಹಾರದ ಖಾನಾವಳಿ. ಹನ್ನೊಂದು ವರುಷದಿಂದ ನಡೆದಿದೆ. ಇಡ್ಲಿ, ಪೂರಿ, ರವಿವಾರಕ್ಕೊಮ್ಮೆ ಜೋಳದ ರೊಟ್ಟಿ ಮತ್ತು ಎಣ್ಣೆಗಾಯಿ. ನಾವು ಊರಲ್ಲಿ ಅವನನ್ನು ಮಾಲಕನೆಂದು ಹೇಳಿಕೊಳ್ಳುತ್ತಿದ್ದೆವು. ನಿಜವಾಗಿ ಅವನು ನೂರಕ್ಕೆ ನಾಲ್ವತ್ತೊಂಬತ್ತರ ಮಾಲಕನು. ಅನ್ನ ಮಾರುವ ವ್ಯಾಪಾರದಲ್ಲಿ ಪರದೇಶಸ್ಥರದು ಅರ್ಧಕ್ಕಿಂತ ಕಡಿಮೆ ಪಾಲಿರಬೇಕೆಂದು 1999ರ ಕಾಯದೆ ಹೇಳುತ್ತದೆ. ಮಿಕ್ಕದ್ದು ಅಲ್ಲಿಯ ಒಬ್ಬ ಹೆಣ್ಣುಮಗಳದು. ಕೆಲಸದ ಪರವಾನಿಗೆಗಾಗಿ ಇಪ್ಪತ್ತು ಲಕ್ಷ ಬಾತಿನ ಮೂಲಧನ ತೋರಿಸಿದ್ದನು. ಇವನೊಬ್ಬನು ಅಲ್ಲಿ ಉಳಿಯಬೇಕಾದರೆ ಆ ದೇಶದ ನಾಲ್ವರಿಗೆ ಕೆಲಸ ಕೊಟ್ಟಿರಬೇಕು. ತನ್ನ ಸಂಬಳವನ್ನು ತಿಂಗಳಿಗೆ 35,000 ಬಾತಿಗಿಂತ ಕಡಿಮೆ ತೋರಿಸಕೂಡದು. ಈ ಅಂಕಿಯು ಹಿಂದುಸ್ತಾನದವರಿಗೆ. ಇಂಗ್ಲಂಡ ಅಮೇರಿಕೆಗಳವರಿಗಾದರೆ 50,000. ಹುಟ್ಟಿದ ನೆಲವನ್ನು ನೋಡಿ ಮನುಷ್ಯನ ತೂಕ ಮಾಡುವ ಈ ತಕ್ಕಡಿಯನ್ನು ಕಂಡು ನನಗೆ ಬೇಸರವಾಯಿತು. ನಮಗೆ ಕಡಿಮೆ ಇಟ್ಟದ್ದು ಉಪಕಾರವೋ ಅವಮಾನವೋ ಎಂದು ಮಗನನ್ನು ಕೇಳಿದೆನು. "ತೆರಿಗಿ ಕಡಿಮಿ ಬೀಳತದ" ಎಂದನು. ವ್ಯಾಪಾರಸ್ಥನ ಉತ್ತರ.

ಕಾಗದಗಳನ್ನು ಕೂಡಿಸುವದೇ ಹದಿನೈದು ದಿನದ ಯಜ್ಞವಾಯಿತು. ಜಮಾಖರ್ಚಿನ ಪತ್ರ, ತೆರಿಗೆಯ ಪಾವತಿಗಳು, ಆಳುಗಳ ವಿಮೆಯ ಹಣ ತುಂಬಿದ ದಾಖಲೆ, ಖಾನಾವಳಿಗೆ ಬರುವ ದಾರಿಯ ನಕಾಶೆ. ಮೇಲಾಗಿ ಹೊರಗಿನ ಫಲಕದ ಚಿತ್ರ ಹಾಗೂ ಒಳಗೆ ಆಳುಗಳು ಕೆಲಸ ಮಾಡುತ್ತಿರುವ ಚಿತ್ರ. ಚಿತ್ರ ತೆಗೆಯುವ ದಿನ ನಾನು ಅಡಿಗೆಮನೆಯಲ್ಲಿ ಸುಮ್ಮನೆ ಕೂಡ್ರಲಾರದೆ ಬದನೆಕಾಯಿ ಹೆಚ್ಚಹತ್ತಿದ್ದೆನು. ಮಗನು ಓಡಿಬಂದು, "ಅಪ್ಪಾ, ಈಳಗಿ ಮುಟ್ಟಬ್ಯಾಡ್ರಿ!" ಎಂದು ಕೈಹಿಡಿದನು. ಪರವಾನಿಗೆಯಿಲ್ಲದ ಪರದೇಶಸ್ಥನು ಕೆಲಸ ಮಾಡುವುದು ಅಲ್ಲಿ ಅಪರಾಧ. ಮಗನ ಮನೆಯಲ್ಲಿ ಬದನೆಕಾಯಿ ಹೆಚ್ಚುವದಕ್ಕೂ ನನಗೆ ಅಧಿಕಾರವಿರಲಿಲ್ಲ.

ಅಂದು ರಾತ್ರಿ ಅವನು ಹಿಂದಿನ ವರುಷದ ಸಂಗತಿಯನ್ನು ತಾನಾಗಿಯೇ ತೆಗೆದನು. ಆಗ ಲೆಕ್ಕ ಬರೆಯುವವನು ಒಂದು ತಿಂಗಳ ವಿಮೆಯ ಕಾಗದವನ್ನು ಬಿಟ್ಟಿದ್ದನು; ಆದಕಾರಣ ಅರ್ಜಿಯು ಹಿಂದೆ ಬಿದ್ದಿತ್ತು. ಅಷ್ಟರಲ್ಲಿ ನಾನು ಮಾಡಿದ ಕರೆ ಮುಟ್ಟಿತು. ಮರುಪ್ರವೇಶದ ಪರವಾನಿಗೆಯನ್ನು ಪಡೆದು ಹೊರಟನು. ಅದೂ ಹಳೆಯ ಮುದ್ದತು ತೀರುವ ದಿನದವರೆಗೆ ಮಾತ್ರ ನಡೆಯುವಂಥದು. ಆ ದಿನ ದಾಟಿದರೆ ವೀಸಾ ಸತ್ತಂತೆ; ಅದನ್ನು ಹಿಡಿದು ನಿಂತ ಕೆಲಸದ ಪರವಾನಿಗೆಯೂ ಹೋಗಿ, ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕಾಗುತ್ತಿತ್ತು. ಅಲ್ಲಿಯವರೆಗೆ ನಾಲ್ಕು ಮನೆಗಳ ಒಲೆಯ ಗತಿ? "ಇದನ್ನೆಲ್ಲಾ ಆಗ ಯಾಕ ಹೇಳಲಿಲ್ಲೋ?" ಎಂದೆನು. "ಅವ್ವನ ಅಸ್ಥಿ ಇನ್ನೂ ಮನ್ಯಾಗ ಇತ್ತಪ್ಪಾ. ಆ ಹೊತ್ತಿನ್ಯಾಗ ನಿಮ್ಮ ಮುಂದ ಶಿಕ್ಕಾದ ಲೆಕ್ಕ ಹ್ಯಾಂಗ ಹೇಳಲಿ?" ಎಂದನು. ಮೂವತ್ತು ವರುಷ ಮಕ್ಕಳಿಗೆ ಪಾಠ ಹೇಳಿದ ನಾನು ಒಂದು ಪ್ರಶ್ನೆಯನ್ನು ಸರಿಯಾಗಿ ಕೇಳದೆ ವರುಷವಿಡೀ ಕೋಪವನ್ನು ಸಾಕಿಕೊಂಡಿದ್ದೆನು.

ಅರ್ಜಿಯ ದಿನ ನಾನೂ ಹೋದೆನು. ಸಾಲಿನಲ್ಲಿ ಚೀನದವರು, ಜಪಾನದವರು, ನಮ್ಮವರು, ಎಲ್ಲರ ತೊಡೆಯ ಮೇಲೂ ಒಂದೊಂದು ಕಾಗದದ ಕಟ್ಟು. ಕಿಟಕಿಯಾಚೆಯ ಹುಡುಗಿ ಮತ್ತೆ ಮತ್ತೆ "ಅನುಯಾತ್" ಎನ್ನುತ್ತಿದ್ದಳು. ಮಗನು ಅಕ್ಷರಗಳನ್ನು ಬಿಡಿಸಿ ತೋರಿಸಿದಾಗ ಗುರುತು ಹತ್ತಿತು: ಅನುಜ್ಞಾತ! ಅಪ್ಪಣೆ ಪಡೆದದ್ದು. ಖಾನಾವಳಿಯ ಹೆಸರಿನಲ್ಲಿಯೂ ನಮ್ಮ 'ಆಹಾರ'ವೇ ಇತ್ತು. ಶಬ್ದಗಳು ಯಾವ ಶಿಕ್ಕೆಯೂ ಇಲ್ಲದೆ ಸಮುದ್ರವನ್ನು ದಾಟಿ ಅಲ್ಲಿ ಮನೆಮಾಡಿಕೊಂಡಿವೆ.

ಈ ಪದ್ಧತಿ ಹೊಸದೆಂದು ಭಾವಿಸಬೇಕಾಗಿಲ್ಲ. ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಒಂದು ಮಾಷಕಕ್ಕೆ ಅವನು ಮುದ್ರೆಯನ್ನು ಕೊಡುವನು. ಮುದ್ರೆಯಿಲ್ಲದೆ ಓಡಾಡಿದ ನಾಡವನಿಗೆ ಹನ್ನೆರಡು ಪಣ ದಂಡ. ಖೊಟ್ಟಿ ಮುದ್ರೆಗೆ ನಾಡವನಿಗಿಂತ ಹೊರನಾಡವನಿಗೆ ಶಿಕ್ಷೆ ಹೆಚ್ಚು. ಮಗನ ಅರ್ಜಿಯ ಶುಲ್ಕ 1,900 ಬಾತು. ಸ್ಮೃತಿಕಾರರಾದರೂ ಒಂದು ರಾತ್ರಿ ಉಳಿಯುವವನಿಗೆ ಅತಿಥಿಯೆಂದು ಹೆಸರಿಟ್ಟರು. ಹನ್ನೊಂದು ವರುಷ ಉಳಿದು ಊರಿಗೆ ಉಣಿಸಿದವನಿಗೆ ಏನೆನ್ನಬೇಕೋ!

ಆಗ ನನಗೆ ಧಾರವಾಡದ ಚಳಿಗಾಲ ನೆನಪಾಯಿತು. ಬೀದಿಯ ಬದಿಯಲ್ಲಿ ಉಣ್ಣೆಯ ಅಂಗಿಗಳನ್ನು ಹರವಿಕೊಂಡು ಕೂಡ್ರುವ ಟಿಬೇಟಿನ ಹೆಂಗಸರಿಂದ ನಾನು ಎಷ್ಟು ವರುಷ ಚೌಕಾಶಿ ಮಾಡಿ ಸ್ವೆಟರು ಕೊಂಡಿದ್ದೇನೆ! ಮುಂಡಗೋಡದಲ್ಲಿ ಅವರ ವಸತಿಯಾದದ್ದು 1966ರಲ್ಲಿ. ಅಲ್ಲಿಯೇ ಹುಟ್ಟಿ, ಕನ್ನಡದಲ್ಲಿ ಲೆಕ್ಕ ಹೇಳಿ ಚಿಲ್ಲರೆ ಕೊಡುವವರಲ್ಲಿಯೂ ಎಷ್ಟೋ ಜನರು ಪರದೇಶಸ್ಥರೆಂಬ ನೋಂದಣಿಯ ಪತ್ರವನ್ನು ಮುದ್ದತಿಗೆ ಸರಿಯಾಗಿ ಹೊಸದು ಮಾಡಿಸುತ್ತ ಇರಬೇಕಾಗಿದೆ. ಅದನ್ನು ನಾನು ಅವರನ್ನು ಒಮ್ಮೆಯೂ ಕೇಳಿದವನಲ್ಲ.

ಮೊದಲು ಮೂವತ್ತು ದಿನದ "ವಿಚಾರಣೆಯಲ್ಲಿದೆ" ಎಂಬ ಮುದ್ರೆ ಬಿದ್ದಿತು. ಆ ನಡುವೆ ಖಾನಾವಳಿಯ ಮೇಲಿನ ಕೋಣೆಯಲ್ಲಿ ಶ್ರಾದ್ಧವಾಯಿತು. ಸಂಕಲ್ಪ ಹೇಳಿಸುವಾಗ ದೇಶದ ಹೆಸರಿಗೆ ಬಂದು ನಿಂತೆನು; ಗೋದಾವರಿಯ ದಕ್ಷಿಣ ತೀರವೆಂದೇ ರೂಢಿಯಾದ ನಾಲಗೆ. ತುಸು ಯೋಚಿಸಿ "ಸುವರ್ಣಭೂಮೌ" ಎಂದೆನು. ಮಗನು ತಲೆಬಗ್ಗಿಸಿಕೊಂಡು ಹಾಗೆಯೇ ಹೇಳಿದನು.

ತಿಂಗಳ ಕಡೆಗೆ ಉಳಿದ ವರುಷವೂ ಮಂಜೂರಾಯಿತು. ಹೊರಗೆ ಬಂದೊಡನೆ ಅವನು ಮತ್ತೊಂದು ಸಾಲಿನಲ್ಲಿ ನಿಂತನು, ಮರುಪ್ರವೇಶದ ಪರವಾನಿಗೆಗೆ. ಒಂದು ಸಲಕ್ಕೆ 1,000 ಬಾತು, ಎಷ್ಟು ಸಲಕ್ಕಾದರೂ 3,800. ಅವನು 3,800 ಎಣಿಸಿದನು. ವರುಷಕ್ಕೊಮ್ಮೆ ಊರಿಗೆ ಬರುವವನಿಗೆ ಇಷ್ಟೇಕೆಂದು ನಾನು ಜಿಪುಣತನದಿಂದ ಕೇಳಿದೆನು.

"ನಿಮಗ ಅರವತ್ತೆಂಟಾತು, ಅಪ್ಪಾ" ಎಂದನು.

ಕಿಟಕಿಯವಳು ರಸೀದಿ ಕೊಟ್ಟಳು. ಹೊತ್ತು ಏರಿತ್ತು. ಇಬ್ಬರೂ ಹೊರಗೆ ಬಂದು ನೆರಳಿನಲ್ಲಿ ಒಂದೊಂದು ಎಳನೀರು ಕುಡಿದು ಖಾನಾವಳಿಗೆ ಮರಳಿದೆವು.