"ಜ್ಯೋತ್ಸ್ನಾ ಎಂದು ಬರೆದು ತೋರಿಸಿ"

ಬಿಡದಿ
ಸೋಮವಾರ ರಾತ್ರಿ

ಪ್ರೀತಿಯ ಅಕ್ಕನಿಗೆ,

"ಫೋನಿನಲ್ಲಿ ಲೆಕ್ಕ ಹೇಳಬೇಡ, ಆಮೇಲೆ ನೀನೊಂದು ಹೇಳಿದೆ ನಾನೊಂದು ಕೇಳಿದೆ ಅಂತ ಆಗುತ್ತದೆ, ಬರೆದು ಕಳಿಸು" ಅಂದಿದ್ದೆಯಲ್ಲ, ಅದಕ್ಕೇ ಈ ಕಾಗದ. ಚಿಕ್ಕಮ್ಮನ ಮನೆಯ ಊಟದ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ನೀನು ಚೀಲಕ್ಕೆ ಹಾಕಿಕೊಟ್ಟ ಮರದ ತುಂಡುಗಳಿವೆ. ಮೂರು ದಿನದಲ್ಲಿ ಲೇಸರ್ ಯಂತ್ರಗಳ ಕೆಳಗೆ ಅವು ಎಷ್ಟು ಸುಟ್ಟಿವೆ ಎಂದರೆ ಇವತ್ತು ಬೆಳಗ್ಗೆ ಚಿಕ್ಕಮ್ಮ ಕಸದ ಗಾಡಿಗೆ ಹಾಕಲು ಹೊರಟಿದ್ದರು, ಗೇಟಿನ ಹತ್ತಿರ ಹಿಡಿದೆ.

ಸಾಗರದಿಂದ ರೈಲು ಸರಿಯಾಗಿಯೇ ಬಂತು. ಬೆಂಗಳೂರಿನಲ್ಲಿಳಿದು ಮೆಟ್ರೋ ಹತ್ತಿದರೆ ಈಗ ಕೆಂಗೇರಿ ದಾಟಿ ಚಲ್ಲಘಟ್ಟದವರೆಗೆ ಕೂತೇ ಬರಬಹುದು. ಎಡವಟ್ಟಾದದ್ದು ಬಸ್ಸಿನಲ್ಲಿ. ಮೈಸೂರು ಬಸ್ಸು ಅಂದರೆ ಬಿಡದಿಯಲ್ಲಿ ನಿಲ್ಲಲೇಬೇಕು ಎಂಬುದು ನಮ್ಮ ಹಳೇ ಲೆಕ್ಕ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಅದು ಸುಳ್ಳು. ತಡೆರಹಿತ ಬಸ್ಸುಗಳು ಊರಿನ ಹೊರಗಿನಿಂದಲೇ ಹಾರಿಹೋಗುತ್ತವೆ. ಕಂಡಕ್ಟರ್ ಟಿಕೆಟ್ ಕೊಡುವ ಮೊದಲೇ ಇಳಿಸಿಬಿಟ್ಟ. ಆಮೇಲೆ ಊರೊಳಗೆ ಬರುವ ಇನ್ನೊಂದು ಕೆಂಪು ಬಸ್ಸು ಹಿಡಿದು ಬಂದೆ. ಬಂದವನೇ ತಟ್ಟೆ ಇಡ್ಲಿ ತಿಂದೆ. ಮೇಲೆ ಬೆಣ್ಣೆ, ಪಕ್ಕದಲ್ಲಿ ಕೆಂಪು ಚಟ್ನಿ. ಎರಡು ಹೇಳಿದ್ದೆ, ಒಂದೂವರೆಗೇ ಸಾಕಾಯಿತು. ಜಿಲ್ಲೆಗೆ ಈಗ ಬೆಂಗಳೂರು ದಕ್ಷಿಣ ಎಂದು ಹೆಸರು, ಆದರೆ ಅಂಗಡಿಗಳ ಬೋರ್ಡಿನಲ್ಲಿ ಇನ್ನೂ ರಾಮನಗರ ಜಿಲ್ಲೆ ಎಂದೇ ಇದೆ. ಬೋರ್ಡು ಮಾಡುವ ನಮ್ಮ ಕಸುಬಿನವರು ಇಲ್ಲಿ ಒಂದು ಅಂಗಡಿ ಹಾಕಿದರೆ ಬೋರ್ಡು ಬದಲಿಸಿಯೇ ವರ್ಷ ಕಳೆಯಬಹುದು ಅನ್ನಿಸಿತು.

ಇನ್ನು ವಿಷಯಕ್ಕೆ ಬರುತ್ತೇನೆ. ನಿನ್ನ ಆಸೆ ಎರಡು: ಮರದ ನೆನಪಿನ ಕಾಣಿಕೆ, ಹೆಸರಿನ ಫಲಕ ಮಾಡುವುದು ಒಂದು. ಮದುವೆಗೆ ಉಡುಗೊರೆ ಕೊಡುವ ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಹಾಕಿಕೊಡುವುದು ಇನ್ನೊಂದು. ಎರಡನ್ನೂ ಒಂದೇ ಲೇಸರ್ ಯಂತ್ರ ಮಾಡುತ್ತದೆ ಎಂದು ನಾವಿಬ್ಬರೂ ನಂಬಿಕೊಂಡಿದ್ದೆವು. ಆ ನಂಬಿಕೆ ಮೊದಲ ದಿನವೇ ಹೋಯಿತು. ಚಿಕ್ಕಮ್ಮನ ಮಗ ಕೆಲಸ ಮಾಡುವುದು ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ. ಟೊಯೋಟಾದವರು 1999ರ ಕೊನೆಗೆ ಇಲ್ಲಿ ಕ್ವಾಲಿಸ್ ತಯಾರಿಸಲು ಶುರುಮಾಡಿದ ಮೇಲೆ ಸುತ್ತ ಹುಟ್ಟಿಕೊಂಡ ಇಂಥ ಕಂಪನಿಗಳಿಗೆ ಲೆಕ್ಕವಿಲ್ಲ. ಅವರಲ್ಲಿ ಪ್ರತಿ ಕಬ್ಬಿಣದ ತುಂಡಿನ ಮೇಲೂ ನಂಬರು, ಚೌಕದ ಕೋಡು ಕೊರೆಯುವುದು ಲೇಸರೇ, ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದಂತೆ. ಅದರ ಹೆಸರು ಫೈಬರ್ ಲೇಸರ್. "ಅದನ್ನೇ ತಗೋಣ" ಅಂದೆ. ಅವನು ನಕ್ಕ. "ಅಣ್ಣ, ಅದು ಲೋಹಕ್ಕೆ. ನಿಮ್ಮ ಮರದ ಹಲಗೆ ಇಟ್ಟರೆ ಏನೂ ಚೆನ್ನಾಗಿ ಬರಲ್ಲ. ಮರಕ್ಕೆ ಕಾರ್ಬನ್ ಡೈಆಕ್ಸೈಡ್ ಟ್ಯೂಬಿನದು ಬೇಕು. ಅದಕ್ಕೆ ಬರೀ ಸ್ಟೀಲ್ ತಟ್ಟೆ ಕೊಟ್ಟರೆ ಗೀರೂ ಬೀಳಲ್ಲ" ಅಂದ.

ಕಾರಣವನ್ನೂ ಹೇಳಿದ. ಬೆಳಕಿನ ಅಲೆಯ ಉದ್ದ ಬೇರೆ. ಫೈಬರ್‌ನದು 1064 ನ್ಯಾನೋಮೀಟರ್, ಅದನ್ನು ಲೋಹ ಹೀರಿಕೊಳ್ಳುತ್ತದೆ. ಟ್ಯೂಬಿನದು ಅದರ ಹತ್ತು ಪಟ್ಟು, 10.6 ಮೈಕ್ರಾನ್. ಅದನ್ನು ಮರ, ಅಕ್ರಿಲಿಕ್, ಚರ್ಮ ಹೀರುತ್ತವೆ. ಈ ಟ್ಯೂಬಿನ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಂಡುಹಿಡಿದವರು ಕುಮಾರ್ ಪಟೇಲ್, ನಮ್ಮ ಬಾರಾಮತಿಯಲ್ಲಿ ಹುಟ್ಟಿದವರು. ಇದನ್ನು ನಾನು ಓದಿ ತಿಳಿದದ್ದು. ಅಪ್ಪನಿಗೆ ಹೇಳು, "ಚೀನಾದ ಮಾಲು" ಅಂತ ಬೈಯುವುದು ಸ್ವಲ್ಪ ಕಡಿಮೆಯಾದೀತು.

ಹಾಗಾಗಿ ಅಕ್ಕ, ಪಾತ್ರೆ ಬಿಟ್ಟುಬಿಡೋಣ. ಹೋದ ವರ್ಷದ ಬಿಲ್ ಪುಸ್ತಕ ನೆನಪು ಮಾಡಿಕೋ. ಶಾಲೆಯ ನಿವೃತ್ತಿ ಫಲಕ, ಸಂಘದ ಸನ್ಮಾನ, ಗೃಹಪ್ರವೇಶದ ಹೆಸರಿನ ಬೋರ್ಡು, ಎಲ್ಲ ಮರ. ಪಾತ್ರೆ ಅಂಗಡಿಯವರು ಕರೆಂಟಿನ ಪೆನ್ನಲ್ಲಿ ಝುಂಯ್ ಅನ್ನಿಸುತ್ತಾ ಬರೆಯುತ್ತಾರಲ್ಲ, ಆ ಕೆಲಸ ಅವರಿಗೇ ಇರಲಿ. ಗಿರಾಕಿಗೂ ಪಾತ್ರೆ ಕೊಂಡಲ್ಲೇ ಹೆಸರು ಬೀಳಬೇಕು.

ಭಾವ ತೋರಿಸಿದ್ದರಲ್ಲ, ಫೋನಿನಲ್ಲಿ, ನೀಲಿ ಬೆಳಕಿನ ಪುಟ್ಟ ಯಂತ್ರ, 42,000 ರೂಪಾಯಿಯದು, ಅದನ್ನೂ ಒಂದು ಕಡೆ ಓಡಿಸಿ ನೋಡಿದೆ. ಅದು ಡಯೋಡ್ ಲೇಸರ್. ಮರದ ಮೇಲೆ ಚೆನ್ನಾಗಿಯೇ ಬರೆಯುತ್ತದೆ, ಆದರೆ ನಿಧಾನ. ಪಾರದರ್ಶಕ ಅಕ್ರಿಲಿಕ್ ಇಟ್ಟರೆ ಬೆಳಕು ಗಾಜಿನಲ್ಲಿ ಹಾದ ಹಾಗೆ ಹಾದುಹೋಗುತ್ತದೆ. ನನಗೆ ಭಯವಾದದ್ದು ಬೇರೆಯದಕ್ಕೆ. ಅದಕ್ಕೆ ಪೆಟ್ಟಿಗೆಯಿಲ್ಲ, ಬಟಾಬಯಲು. ಅಂಗಡಿ ಮನೆಯ ಜಗುಲಿಯಲ್ಲಿದೆ, ಪುಟ್ಟಿ ಶಾಲೆಯಿಂದ ಬಂದವಳೇ ಮೂಗು ತೂರಿಸುತ್ತಾಳೆ. ಆ ಬೆಳಕು ಎಲ್ಲಾದರೂ ಬಡಿದು ಕಣ್ಣಿಗೆ ಹಾರಿದರೆ ಮುಗಿಯಿತು. ಕನ್ನಡಕ ಹಾಕಿಕೊಳ್ಳಬಹುದು ಅನ್ನುತ್ತಾರೆ, ನಾವು ಹಾಕಿಕೊಂಡೇವು, ಅವಳಿಗೆ ಯಾರು ಹಾಕುತ್ತಾರೆ?

ಶನಿವಾರ ಪೀಣ್ಯಕ್ಕೆ ಹೋದೆ. ದೊಡ್ಡ ಷೋರೂಮು, ಏಸಿ, ಕಾಫಿ. ಯಂತ್ರದ ಮುಂದೆ ನಿಂತ ಹುಡುಗ ಗುಂಡಿ ಒತ್ತಿ ಪ್ಲೈವುಡ್ ಮೇಲೆ ಒಂದು ಸಿಂಹದ ಮುಖ ಸುಟ್ಟು ತೋರಿಸಿದ. ಕೇಸರದ ಒಂದೊಂದು ಎಳೆಯೂ ಕಾಣುವ ಹಾಗಿತ್ತು. ಇನ್ನೇನು ಮುಂಗಡ ಕೊಡಲು ಕೈ ಹೋಗಿತ್ತು. ಅಷ್ಟರಲ್ಲಿ ನೆನಪಾಯಿತು, ನಮ್ಮ ಅಂಗಡಿಗೆ ಯಾರೂ ಸಿಂಹ ಕೇಳಿಕೊಂಡು ಬಂದಿಲ್ಲ. ನಿನ್ನ ಹಲಸಿನ ತುಂಡು ಕೊಟ್ಟು, "ಇದರ ಮೇಲೆ ಜ್ಯೋತ್ಸ್ನಾ ಎಂದು ಬರೆದು ತೋರಿಸಿ" ಅಂದೆ.

ಯಾಕೆ ಆ ಹೆಸರು ಎಂದು ನಿನಗೆ ಗೊತ್ತು. ಲಗ್ನಪತ್ರಿಕೆ ಮಾಡುತ್ತಿದ್ದಾಗ ನಿನ್ನ ತಲೆ ತಿಂದ ಹೆಸರು ಅದು. ತ ಕೆಳಗೆ ಸ, ಅದರ ಕೆಳಗೆ ನ. ಹುಡುಗ ಯಂತ್ರದ ಜೊತೆ ಬಂದ ಸಾಫ್ಟ್‌ವೇರಿನಲ್ಲೇ ಟೈಪ್ ಮಾಡಿದ. ಒತ್ತುಗಳು ಕೆಳಗೆ ಕೂರಲೇ ಇಲ್ಲ, ಒಂದರ ಪಕ್ಕ ಒಂದು ಸಾಲಾಗಿ ನಿಂತವು, ರೇಷನ್ ಅಂಗಡಿಯ ಮುಂದೆ ನಿಂತ ಹಾಗೆ. "ಸರ್, ಇಂಗ್ಲಿಷಲ್ಲಿ ಹಾಕೋಣ, ಕ್ಲಾಸ್ ಆಗಿರತ್ತೆ" ಅಂದ. ನಾನು ಒಪ್ಪಲಿಲ್ಲ. ಕೊನೆಗೆ ಅಕ್ಷರವನ್ನು ಚಿತ್ರವಾಗಿ ಮಾಡಿ ಹಾಕಿದ. ಅಕ್ಷರದೆತ್ತರ ಐದು ಮಿಲಿಮೀಟರ್ ಇಟ್ಟರೆ ಕೆಳಗಿನ ನ ಒತ್ತು ಒಂದು ಮಿಲಿಮೀಟರೂ ಇಲ್ಲ, ಸುಟ್ಟು ಸಾಸಿವೆ ಕಾಳಾಯಿತು. ಗೆರೆಯಲ್ಲಿ ಬರೆಸಿದರೆ ಜ್ಯೋ ಅಕ್ಷರದ ಗುಂಡು ಶುರುವಾದಲ್ಲಿಗೆ ಬಂದು ಕೂಡಲಿಲ್ಲ, ಕೂದಲೆಳೆಯಷ್ಟು ಬಾಯಿ ಬಿಟ್ಟುಕೊಂಡಿತು. ಬೆಲ್ಟು ಸಡಿಲವಿದ್ದರೆ ಹಾಗಾಗುತ್ತದಂತೆ. ಸಿಂಹದ ಕೇಸರದಲ್ಲಿ ಇದೆಲ್ಲ ಮುಚ್ಚಿಹೋಗುತ್ತದೆ. ನಮ್ಮ ಅಕ್ಷರದಲ್ಲಿ ನೆಟ್ಟಗಿನ ಗೆರೆಯೇ ಕಡಿಮೆ, ಎಲ್ಲ ಗುಂಡು, ಸಣ್ಣ ತಪ್ಪೂ ಹೊರಗೆ ಬೀಳುತ್ತದೆ. ಅಲ್ಲಿಂದಾಚೆ ಹೋದಲ್ಲೆಲ್ಲ ಇದೇ ಹೆಸರು ಬರೆಸಿದೆ. ಚೀಲದಲ್ಲಿ ಈಗ ಹನ್ನೊಂದು ಜ್ಯೋತ್ಸ್ನಾ ಇದ್ದಾಳೆ.

ನಿನ್ನೆ ಭಾನುವಾರ ಚನ್ನಪಟ್ಟಣಕ್ಕೆ ಹೋಗಿದ್ದೆ. ಗೊಂಬೆಯ ಊರಿನವರು ಮರದ ಜೊತೆ ಹುಟ್ಟಿದವರು, ಅವರನ್ನು ಕೇಳದೆ ಯಂತ್ರ ತರುವುದು ಸರಿಯಲ್ಲ ಅನ್ನಿಸಿತು. ರಸ್ತೆ ಬದಿಯ ಗೊಂಬೆ ಅಂಗಡಿಗಳು ಬೈಪಾಸ್ ಆದ ಮೇಲೆ ಸೊರಗಿವೆ. ಮೈಸೂರಿಗೆ ಹೋಗುವವರು ಕಾರು ನಿಲ್ಲಿಸಿ ಮಗುವಿಗೊಂದು ಕುದುರೆ ಕೊಳ್ಳುತ್ತಿದ್ದ ಕಾಲ ಹೋಯಿತು ಎಂದು ಒಬ್ಬ ಅಂಗಡಿಯವರು ಹೇಳಿದರು. ಈಗ ಅವರ ಕೈಹಿಡಿದಿರುವುದು ಕಂಪನಿಗಳ ಉಡುಗೊರೆ ಆರ್ಡರು, ಅದಕ್ಕೆ ಹೆಸರು ಹಾಕಿಕೊಡಲೇಬೇಕು. ಅವರೇ ತಮ್ಮ ಪರಿಚಯದ ಒಂದು ಕಾರ್ಖಾನೆಗೆ ಕರೆದುಕೊಂಡು ಹೋದರು. ಕಾರ್ಖಾನೆ ಅಂದರೆ ಮನೆಯ ಹಿಂದಿನ ಶೀಟಿನ ಶೆಡ್ಡು, ಮೂರು ತಿರುಗಣಿ.

ಅಲ್ಲಿನ ಯಜಮಾನರಿಗೆ ಅರವತ್ತು ದಾಟಿದೆ. ಆಲೆ ಮರದ ತುಂಡನ್ನು ತಿರುಗಣಿಗೆ ಸಿಕ್ಕಿಸಿದರು. ಹಾಲಿನ ಕೆನೆಯ ಬಣ್ಣದ ಮರ, ಗಂಟಿಲ್ಲ. ಉಳಿ ತಾಗಿಸಿದರೆ ಹೊಟ್ಟು ರಿಬ್ಬನ್ನಿನ ಹಾಗೆ ಸುರುಳಿ ಸುರುಳಿಯಾಗಿ ಮೊಣಕಾಲ ಮೇಲೆ ಬೀಳುತ್ತದೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರು. ಉಜ್ಜಿದ ಶಾಖಕ್ಕೇ ಅರಗು ಕರಗಿ ಮೈಗೆ ಹತ್ತುತ್ತದೆ, ಬೆಂಕಿ ಬೇಡ, ಬ್ರಷ್ಷು ಬೇಡ. ಕೊನೆಗೆ ಗರಿ ಹಿಡಿದು ಉಜ್ಜಿದರೆ ಹೊಳಪು. ತಾಳೆಗರಿ ಅನ್ನುತ್ತಾರೆ, ನೋಡಿದರೆ ನಮ್ಮ ಕೇದಗೆಯ ಗರಿ. ಒಂದು ಕಡೆ ಟಿಪ್ಪು ಕಾಲದ ಕತೆ ಹೇಳುತ್ತಾರೆ, ಇನ್ನೊಂದು ಕಡೆ ನೂರು ವರ್ಷದ ಹಿಂದೆ ಬಾವಾಸ್ ಮಿಯಾನ್ ಜಪಾನಿನವರ ರೀತಿಯನ್ನು ಕಲಿಸಿಕೊಟ್ಟದ್ದನ್ನೂ ಹೇಳುತ್ತಾರೆ. "ಯಂತ್ರ ಬಂದರೆ ಕೈಕೆಲಸ ಹೋಗತ್ತಲ್ವಾ?" ಎಂದು ಅಪ್ಪನ ಪ್ರಶ್ನೆಯನ್ನೇ ಕೇಳಿದೆ. "ಕೈಯಲ್ಲಿ ಹಗ್ಗ ಎಳೆದು ತಿರುಗಿಸ್ತಿದ್ದೋರು ಕರೆಂಟಿಗೆ ಬಂದ್ವಿ. ಹೆಸರು ಕೊರೆಯೋದು ನಮ್ಮ ಕೆಲಸವೇ ಅಲ್ಲ ಸ್ವಾಮಿ, ಬೇಕಾದೋರು ಕೊರೀಲಿ" ಅಂದರು.

ಅವರ ಮಗ ಮೂಲೆಯ ಟಾರ್ಪಾಲು ಎತ್ತಿ ಲೇಸರ್ ಯಂತ್ರ ತೋರಿಸಿದ. ಟಾರ್ಪಾಲು ಯಾಕೆ ಅಂದರೆ ಅದು ಎಂಟು ತಿಂಗಳಿಂದ ನಿಂತಿದೆ. ಎಲ್ಲಿಂದಲೋ ಕಡಿಮೆಗೆ ತರಿಸಿದ್ದು. ಬರುವಾಗಲೇ ಗಾಜಿನ ಟ್ಯೂಬಿನಲ್ಲಿ ಬಿರುಕಿತ್ತು, ಬದಲಿಸಿದರು. ಎರಡನೆಯದು ಅದನ್ನು ತಂಪಾಗಿಡುವ ನೀರೇ ಬಿಸಿಯಾಗಿ ಹೋಯಿತು. ಆಮೇಲೆ ಮಾರಿದವರ ಫೋನು ಎತ್ತುವವರಿಲ್ಲ. ಆದರೂ ಓಡುತ್ತಿದ್ದ ದಿನಗಳಲ್ಲಿ ಆ ಹುಡುಗ ಒಂದು ಉಪಾಯ ಕಂಡುಕೊಂಡಿದ್ದಾನೆ. ಅರಗಿನ ಮೇಲೆ ಲೇಸರ್ ಬಿಟ್ಟರೆ ಅಂಚಿನಲ್ಲಿ ಅರಗು ಕರಗಿ ಹೊಗೆಯ ಕಲೆ ನಿಲ್ಲುತ್ತದೆ. ಅದಕ್ಕೆ ಬಣ್ಣ ಹಾಕುವಾಗಲೇ ಗೊಂಬೆಯ ಹೊಟ್ಟೆಯ ಮೇಲೆ ಒಂದು ಬೆರಳಗಲ ಪಟ್ಟಿ ಬಿಳಿ ಮರವಾಗಿಯೇ ಬಿಡುತ್ತಾನೆ, ಹೆಸರು ಅಲ್ಲಿಗೆ. ಸುಡುವ ಮೊದಲು ಪೇಂಟರುಗಳ ಕಾಗದದ ಟೇಪು ಅಂಟಿಸುತ್ತಾನೆ, ಹೊಗೆ ಟೇಪಿಗೆ ಹತ್ತಿ ಮರ ಚೊಕ್ಕವಾಗಿ ಉಳಿಯುತ್ತದೆ. ಆಲೆ ಮರದ ಮೇಲೆ ಕಂದು ಅಕ್ಷರ ಎಷ್ಟು ಚಂದ ಕಾಣುತ್ತದೆ ಗೊತ್ತಾ! ಬೇರೆ ಕಡೆ ಬರೆಸಿ ನೋಡಿದಾಗ ನಿನ್ನ ಬೀಟೆ ತುಂಡಿನ ಮೇಲೆ ಏನೂ ಕಾಣಲಿಲ್ಲ, ಕಪ್ಪಿನ ಮೇಲೆ ಕಪ್ಪು. ಹಲಸು ಅಡ್ಡಿಯಿಲ್ಲ. ಪಟ್ಟಿ ಬಿಟ್ಟ ಗಿಲಕಿ, ಬುಗುರಿ ನಮಗೂ ಕೊಡುತ್ತೀರಾ ಎಂದು ಕೇಳಿದ್ದೇನೆ, ಒಂದೊಂದು ಡಜನ್ ಕೊಡುತ್ತಾರಂತೆ. ಮಗುವಿನ ಹೆಸರಿರುವ ಗಿಲಕಿ ಸಾಗರದಲ್ಲಿ ಯಾರ ಬಳಿ ಸಿಗುತ್ತದೆ ಹೇಳು!

ಇವತ್ತು ಬೆಳಗ್ಗೆ ಇಲ್ಲೇ ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ ಒಬ್ಬರನ್ನು ನೋಡಿದೆ. ಏಸಿ ಇಲ್ಲ, ಕಾಫಿಯೂ ಇಲ್ಲ. ಕಬ್ಬಿಣದ ಮೈ ಇಲ್ಲೇ ಕಟ್ಟುತ್ತಾರೆ, ಟ್ಯೂಬು ಮತ್ತು ಕಂಟ್ರೋಲರು ಚೀನಾದಿಂದ ತರಿಸುತ್ತಾರೆ, ಮುಚ್ಚಿಡುವುದಿಲ್ಲ. ಇವರು ಯಂತ್ರದ ಗುಣಗಾನ ಮಾಡುವ ಮೊದಲು ನನ್ನನ್ನೇ ಪ್ರಶ್ನೆ ಕೇಳಿದರು. ಊರು ಯಾವುದು? ಮಳೆ ಎಷ್ಟು? ಕರೆಂಟು ಹೇಗೆ? ಅರ್ತಿಂಗ್ ಇದೆಯಾ? ಮಳೆಗೂ ಲೇಸರಿಗೂ ಏನು ಸಂಬಂಧ ಅಂದೆ. ಟ್ಯೂಬಿಗೆ ಹತ್ತಿಪ್ಪತ್ತು ಸಾವಿರ ವೋಲ್ಟು ಹೋಗುತ್ತದಂತೆ. ನಮ್ಮ ಜುಲೈ ತಿಂಗಳ ಥಂಡಿಯಲ್ಲಿ, ಟ್ಯೂಬನ್ನು ತಂಪಾಗಿಡುವ ಚಿಲ್ಲರ್ ನೀರನ್ನು ತುಂಬಾ ತಣ್ಣಗೆ ಮಾಡಿಟ್ಟರೆ, ತಂಬಿಗೆಯ ಹೊರಗೆ ನೀರು ಬೆವರುವ ಹಾಗೆ ಟ್ಯೂಬಿನ ಮೈ ಬೆವರುತ್ತದೆ, ಅಲ್ಲಿ ಕಿಡಿ ಹಾರುತ್ತದೆ. "ಮಳೆಗಾಲದಲ್ಲಿ ಇಪ್ಪತ್ತೈದು ಡಿಗ್ರಿಗಿಂತ ಕೆಳಗೆ ಇಳಿಸಬೇಡಿ. ಯಂತ್ರ ಬರೋಕೆ ಮುಂಚೆ ಗುಂಡಿ ತೋಡಿಸಿ ಉಪ್ಪು ಇದ್ದಿಲು ಹಾಕಿ ಅರ್ತಿಂಗ್ ಮಾಡಿಸಿ, ಇಲ್ಲದಿದ್ರೆ ನಾನು ಸ್ವಿಚ್ ಹಾಕಲ್ಲ" ಅಂದರು. ರೆಕ್ಸಿನ್ ಪರ್ಸಿನ ಮೇಲೆ ಹೆಸರು ಹಾಕಬಹುದಾ ಎಂದು ಕೇಳಿದ್ದಕ್ಕೆ ಬೈಸಿಕೊಂಡೆ. ಅದು ಪಿವಿಸಿ, ಸುಟ್ಟರೆ ಬರುವ ಹೊಗೆ ನಮ್ಮ ಶ್ವಾಸಕೋಶವನ್ನೂ ತಿನ್ನುತ್ತದೆ, ಯಂತ್ರದ ಕಬ್ಬಿಣವನ್ನೂ ತಿನ್ನುತ್ತದೆ.

ಜ್ಯೋತ್ಸ್ನಾ ಅಂದೆ. ಅವರು ನಗಲಿಲ್ಲ. ಕೋರೆಲ್‌ಡ್ರಾದಲ್ಲಿ ನುಡಿ ಅಕ್ಷರದಲ್ಲಿ ಬರೆದು, ಕರ್ವ್ ಮಾಡಿ, ಒತ್ತುಗಳ ಹೊಟ್ಟೆಯನ್ನು ಸ್ವಲ್ಪ ಅಗಲಿಸಿ, ಆಮೇಲೆ ಯಂತ್ರಕ್ಕೆ ಕಳಿಸಿದರು. ಐದು ಮಿಲಿಮೀಟರಿನಲ್ಲೂ ನ ಒತ್ತು ನ ಒತ್ತಾಗಿಯೇ ಇತ್ತು. ಅಂದರೆ ನಿನ್ನ ಹಳೇ ಲಗ್ನಪತ್ರಿಕೆ ಫೈಲುಗಳೆಲ್ಲ ಹಾಗೇ ಉಪಯೋಗಕ್ಕೆ ಬರುತ್ತವೆ, ಅಳಿಸಬೇಡ.

ಲೆಕ್ಕ ಹೀಗಿದೆ. ಎರಡೂ ಕಡೆ 60 ವ್ಯಾಟಿನ ಟ್ಯೂಬು, 600ಕ್ಕೆ 400 ಮಿಲಿಮೀಟರಿನ ಹಾಸು, ಪೂರಾ ಮುಚ್ಚಿದ ಪೆಟ್ಟಿಗೆ. ಪೀಣ್ಯದವರು 2,10,000, ತೆರಿಗೆ ಸೇರಿ 2,47,800. ಆದರೆ ಅವರು ಚಿಲ್ಲರ್ ಎಂದು ಕೊಡುವುದು ಫ್ಯಾನು ಮತ್ತು ರೇಡಿಯೇಟರಿನ ಡಬ್ಬಿ, ಅದರಲ್ಲಿ ಕಂಪ್ರೆಸರ್ ಇಲ್ಲ. ಏಪ್ರಿಲ್ ಬಿಸಿಲಿಗೆ ಚನ್ನಪಟ್ಟಣದ ಕತೆಯೇ ನಮ್ಮದೂ ಆಗುತ್ತದೆ. ಬಿಡದಿಯವರು 2,55,000, ಕಂಪ್ರೆಸರ್ ಇರುವ ಚಿಲ್ಲರ್, ಹೊಗೆ ಎಳೆಯುವ ಬ್ಲೋಯರ್, ಒಂದು ಹೆಚ್ಚಿಗೆ ಲೆನ್ಸು, ಸಾಗರಕ್ಕೆ ಬಂದು ಕೂರಿಸಿ ಎರಡು ದಿನ ಕಲಿಸುವುದು ಸೇರಿ. ಶೇಕಡಾ 18 ಜಿಎಸ್‌ಟಿ 45,900 ಸೇರಿದರೆ 3,00,900. ನೀನು ಹೇಳಿದ್ದು ಮೂರರ ಮೇಲೆ ಒಂದು ಪೈಸೆ ಇಲ್ಲ ಅಂತ. ಆ 900 ಬಿಡಿಸಲು ಅರ್ಧ ಗಂಟೆ ಕೂತೆ, ಬಿಡಲಿಲ್ಲ, ಒಂದು ಡಬ್ಬ ಕಾಗದದ ಟೇಪು ಕೊಡುತ್ತೇನೆ ಅಂದರು. ತೆರಿಗೆಯನ್ನು ನಿನ್ನ ಜಿಎಸ್‌ಟಿ ನಂಬರಿಗೆ ಬಿಲ್ ಮಾಡಿಸಿದರೆ ಮುಂದೆ ಹೊಂದಿಸಿಕೊಳ್ಳಬಹುದು. ಗುಂಡಗಿನ ವಸ್ತು ತಿರುಗಿಸುವ ರೋಟರಿ ಬೇರೆ. ಗಿಲಕಿ ಮಾರಾಟವಾದರೆ ದೀಪಾವಳಿಗೆ ನೋಡೋಣ.

ಶಿವಮೊಗ್ಗದಲ್ಲಿ ಅವರ ಗಿರಾಕಿಯೊಬ್ಬರಿದ್ದಾರೆ, ನಂಬರು ಕೊಟ್ಟರು, ಮಾತಾಡಿದೆ. ಹೋದ ಮಳೆಗಾಲದಲ್ಲಿ ಪವರ್ ಸಪ್ಲೈ ಸುಟ್ಟಿತ್ತಂತೆ. ಬಂದರಾ ಅಂದೆ. "ಮೂರನೇ ದಿನ ಬಂದ್ರು. ಮೊದಲನೇ ದಿನ ಬರಬೇಕಿತ್ತು. ಆದ್ರೆ ಬಂದ್ರು" ಅಂದರು.

ಬಿಡದಿಯವರಿಗೆ ಹತ್ತು ಸಾವಿರ ಮುಂಗಡ ಕೊಟ್ಟು ರಸೀದಿ ತಗೊಂಡಿದ್ದೇನೆ, ಬೈಯಬೇಡ. ಈಗ ನಿನ್ನಿಂದ ಒಂದು ಕೆಲಸವಾಗಬೇಕು. ಯಂತ್ರದ ಅಗಲ ಎಂಬತ್ತು ಸೆಂಟಿಮೀಟರ್, ಚಕ್ರ ಸೇರಿ. ಜಗುಲಿಯ ಬಾಗಿಲು ಎರಡೂವರೆ ಅಡಿ ಎಂದು ನನ್ನ ನೆನಪು, ಹಾಗಿದ್ದರೆ ಒಳಗೆ ಹೋಗುವುದಿಲ್ಲ. ಟೇಪು ಹಿಡಿದು ಅಳೆ, ಚೌಕಟ್ಟಿನ ಒಳಗಿನಿಂದ ಒಳಗೆ. ಕಿಟಕಿಯನ್ನೂ ಅಳೆ. ಅಪ್ಪನಿಗೆ ಈಗಲೇ ಹೇಳಬೇಡ, ಚೌಕಟ್ಟು ಅಜ್ಜನ ಕಾಲದ್ದು.

ಪುಟ್ಟಿಗೆ ಹಳದಿ ಬುಗುರಿ ತಂದಿದ್ದೇನೆ.

ನಿನ್ನ ತಮ್ಮ