ಕಾಯಬಲ್ಲವರು, ಕಾಯಲಾರದವರು

ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಕಾಪಿ ಪುಸ್ತಕದಲ್ಲಿ ಹತ್ತಾರು ಸಲ ತಿದ್ದಿ ಬರೆದವರ ಪೈಕಿ ನಾನೂ ಒಬ್ಬ. ಗಾದೆ ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ತಾಳುವುದಕ್ಕೂ ಏನಾದರೊಂದು ಆಧಾರ ಬೇಕಷ್ಟೆ. ಅಟ್ಟದ ತುಂಬ ಅಕ್ಕಿಯಿರುವವನು ತಾಳುವುದಕ್ಕೂ ಅಟ್ಟ ಬರಿದಾದವನು ತಾಳುವುದಕ್ಕೂ ಇರುವ ಅಂತರವನ್ನು ಗಾದೆ ಹೇಳುವುದಿಲ್ಲ. ಗಾದೆಯಾದರೆ ಹೋಗಲಿ; ಅರ್ಥಶಾಸ್ತ್ರವೆಂಬ ದೊಡ್ಡ ಶಾಸ್ತ್ರವೂ ಬಹುಕಾಲ ಈ ಅಂತರಕ್ಕೆ ಹೆಚ್ಚಿನ ಬೆಲೆ ಕೊಡಲಿಲ್ಲವೆಂಬುದು ನನಗೆ ಈಚೆಗೆ ತಿಳಿದ ಸಂಗತಿ.

ತಿಳಿಸಿದವಳು ನನ್ನ ತಂಗಿಯ ಮಗಳು. ಅವಳು ಬೆಂಗಳೂರಿನಲ್ಲಿ ಅರ್ಥಶಾಸ್ತ್ರದ ಚರಿತ್ರೆಯನ್ನು ಅಭ್ಯಾಸ ಮಾಡುತ್ತಿದ್ದಾಳೆ. ದೇಶದ ಆರ್ಥಿಕ ಚರಿತ್ರೆಯನ್ನಲ್ಲ, ಆ ಶಾಸ್ತ್ರದ್ದೇ ಚರಿತ್ರೆಯನ್ನು; ಯಾವ ಮಾತು ಯಾರ ಬಾಯಲ್ಲಿ, ಯಾವ ಕಾಲದಲ್ಲಿ, ಯಾವ ವಾದವನ್ನು ಗೆಲ್ಲುವುದಕ್ಕಾಗಿ ಹುಟ್ಟಿತೆಂಬ ವಿಚಾರ ಅದು. ರಜೆಯಲ್ಲಿ ರಾಮಕುಂಜಕ್ಕೆ ಬಂದಿದ್ದಾಗ ನಾನು ಅವಳನ್ನು ಸುಮ್ಮನೆ ಕೇಳಿದೆ: "ಕೆಲಸಕ್ಕೆ ಕೂಲಿ ಸಿಕ್ಕುವುದು ಸರಿ, ಹಣವಿದ್ದವನಿಗೆ ಲಾಭವೋ ಬಡ್ಡಿಯೋ ಸಿಕ್ಕುವುದು ಯಾತಕ್ಕೆಂದು ನಿಮ್ಮ ಶಾಸ್ತ್ರ ಹೇಳುತ್ತದೆ?"

"ಕಾದದ್ದಕ್ಕೆ, ಮಾವ" ಎಂದಳು.

ಆ ಉತ್ತರಕ್ಕೆ ಹಿಂದಿನ ಕಥೆಯೊಂದಿದೆ. ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕನಾಗಿದ್ದ ನಸ್ಸೌ ಸೀನಿಯರ್ ಎಂಬವನು ೧೮೩೬ರಲ್ಲಿ ಒಂದು ಗ್ರಂಥವನ್ನು ಬರೆದ. ಇದ್ದ ಸೊತ್ತನ್ನು ಕೂಡಲೇ ಅನುಭವಿಸಿ ಮುಗಿಸದೆ ಮುಂದಕ್ಕೆಂದು ಇರಿಸುವವನು ಒಂದು ಬಗೆಯ ಸಂಯಮವನ್ನು ತೋರಿಸುತ್ತಾನೆ. ಲಾಭವೆಂಬುದು ಆ ಸಂಯಮದ ಸಂಭಾವನೆ ಎಂಬುದು ಅವನ ಸಿದ್ಧಾಂತ. ವಿದ್ಯೆಯಿಲ್ಲದ ವರ್ಗದವರಲ್ಲಿ ಈ ಸಂಯಮ ಕಡಿಮೆಯೆಂದೂ ಅವನು ಬರೆದ. ಇಂಗ್ಲೆಂಡಿನ ಬಡವರಿಗೆ ಕೊಡುತ್ತಿದ್ದ ನೆರವನ್ನು ಬಿಗಿಮಾಡಿದ ೧೮೩೪ರ ಕಾನೂನಿನ ಹಿಂದೆ ಇದ್ದವರಲ್ಲಿಯೂ ಅವನೇ ಪ್ರಮುಖ. ಮುಂದೆ ಕಾರ್ಲ್ ಮಾರ್ಕ್ಸ್ ೧೮೬೭ರಲ್ಲಿ ಈ ಸಂಯಮದ ಮಾತನ್ನು ಚೆನ್ನಾಗಿ ಹಾಸ್ಯಮಾಡಿದ. ಕೋಟ್ಯಧೀಶನ ಉಪವಾಸವನ್ನು ನೋಡಿ ನಗದವರು ಯಾರು? ನಗೆಗೆ ಅವಕಾಶವಿರಬಾರದೆಂದು ಆಲ್ಫ್ರೆಡ್ ಮಾರ್ಷಲ್ ೧೮೯೦ರ ತನ್ನ ಗ್ರಂಥದಲ್ಲಿ 'ಸಂಯಮ' ಎಂಬ ಪದದ ಬದಲಿಗೆ 'ಕಾಯುವುದು' ಎಂಬ ಸಾಧುವಾದ ಪದವನ್ನು ಮುಂದಿಟ್ಟ. ಪದ ಬದಲಾಯಿತು. ಕಾಯುವ ಶಕ್ತಿ ಕೆಲವರಿಗೆ ಎಲ್ಲಿಂದ ಬಂತು, ಉಳಿದವರಿಗೆ ಏಕೆ ಬರಲಿಲ್ಲವೆಂಬ ಪ್ರಶ್ನೆ ಮಾತ್ರ ಇದ್ದಲ್ಲಿಯೇ ಇತ್ತು.

ಇದನ್ನು ಕೇಳುತ್ತ ನನಗೆ ನೆನಪಾದದ್ದು ಆಕ್ಸ್‌ಫರ್ಡ್ ಅಲ್ಲ, ಮುಡಿ. ಈಗಿನ ಹುಡುಗರಿಗೆ ಮುಡಿಯೆಂದರೆ ತಲೆಗೂದಲೇ ಸರಿ. ನಮ್ಮ ಜಿಲ್ಲೆಯಲ್ಲಿ ಅದು ಅಕ್ಕಿಯ ಕಟ್ಟು. ಒಣಹುಲ್ಲನ್ನು ಹರಡಿ, ಅಕ್ಕಿಯನ್ನು ಅಳೆದು ಸುರಿದು, ಹುಲ್ಲಿನ ಹಗ್ಗದಿಂದ ಬಿಗಿದು, ಬಡಿದು ಬಡಿದು ಉರುಟು ಮಾಡಿ ಅಟ್ಟಕ್ಕೇರಿಸುತ್ತಿದ್ದರು. ಅಳತೆ ಊರಿಂದೂರಿಗೆ ಬೇರೆ. ಸಾಮಾನ್ಯವಾಗಿ ಮುಡಿಗೆ ೪೨ ಸೇರು ಎಂಬ ಲೆಕ್ಕ. ಮಳೆಗಾಲದ ತಂಡಿಗೂ ಹುಳಕ್ಕೂ ಸಿಕ್ಕದೆ ಅಕ್ಕಿ ಅದರೊಳಗೆ ಬಹಳ ಕಾಲ ಉಳಿಯುತ್ತಿತ್ತು. ಅಂದರೆ ಮುಡಿಯೆಂಬುದು ಕಾಯುವುದಕ್ಕಾಗಿಯೇ ನಮ್ಮ ಹಿರಿಯರು ಕಂಡುಹಿಡಿದ ಉಪಾಯ. ಮುಡಿ ಕಟ್ಟಲು ಬಲ್ಲವರಿಗೆ ಕಾಯುವ ಗುಣ ಗೊತ್ತಿರಲಿಲ್ಲವೆಂದು ಸೀನಿಯರ್ ಮಹಾಶಯ ಹೇಳಲಾರ.

ನನ್ನ ತಂದೆ ಮುಡಿ ಕಟ್ಟುವುದರಲ್ಲಿ ನಿಪುಣರು. ಆದರೆ ಕಟ್ಟಿದ ಮುಡಿಗಳು ನಮ್ಮ ಅಟ್ಟಕ್ಕೆ ಏರುತ್ತಿರಲಿಲ್ಲ. ನಾವು ಚಾಲಗೇಣಿಯ ಒಕ್ಕಲು. ಏಣೇಲು ಕೊಯ್ಲು ಮುಗಿದು ಅಕ್ಕಿಯಾದದ್ದೇ ತಡ, ಗೇಣಿಯ ಮುಡಿಗಳು ಧಣಿಗಳ ಮನೆಗೆ ಹೋಗುತ್ತಿದ್ದವು. ಬೆಳೆ ಒಳ್ಳೆಯದಾಗಲಿ ಕೆಟ್ಟದಾಗಲಿ, ಗೇಣಿಯ ಲೆಕ್ಕ ಒಂದೇ. ಉಳಿದದ್ದರಲ್ಲಿ ಅಂಗಡಿಯ ಸಾಲಕ್ಕೆ, ಬಟ್ಟೆಗೆ, ಉಪ್ಪು ಮೆಣಸಿಗೆ ಎಂದು ಒಂದಿಷ್ಟು ಕೊಯ್ಲಿನ ಅಗ್ಗದ ಬೆಲೆಗೆ ಮಾರಿಹೋಗುತ್ತಿತ್ತು. ಮುಂದೆ ಆಟಿ ತಿಂಗಳ ಮಳೆ ಹಿಡಿದಾಗ ಕೆಸುವಿನೆಲೆ, ಕಳಲೆ, ಹಲಸಿನ ಬೀಜಗಳ ನಡುವೆ ಅಕ್ಕಿಗೆ ತತ್ವಾರ. ಆಗ ತಂದೆ ಗೊರಬೆ ಹೊದ್ದುಕೊಂಡು ಅದೇ ಧಣಿಗಳ ಮನೆಗೆ ಹೋಗಿ ಒಂದು ಮುಡಿಯನ್ನು ಕಡವಾಗಿ ಹೊತ್ತು ತರುತ್ತಿದ್ದರು. ಹೊಸ ಬೆಳೆ ಬಂದಾಗ ಅಕ್ಕಿಯ ಮೇಲೆ ಅಕ್ಕಿಯನ್ನೇ ಬಡ್ಡಿಯಾಗಿ ಸೇರಿಸಿ ಕೊಡಬೇಕು. ಎಷ್ಟೋ ಸಲ, ತಂದೆ ತಾವೇ ಕಟ್ಟಿದ ಮುಡಿಯನ್ನು ಅದರ ಹಗ್ಗದ ಗಂಟಿನಿಂದ ಗುರುತಿಸುತ್ತಿದ್ದರು. ಧಣಿಗಳು ಕೆಟ್ಟವರಾಗಿರಲಿಲ್ಲ, ಕೇಳಿದಾಗ ಇಲ್ಲವೆಂದವರಲ್ಲ. ಆದರೆ ಎರಡು ಅಟ್ಟಗಳ ನಡುವೆ ಆ ಮುಡಿ ಮಾಡಿದ ಪ್ರಯಾಣದ ಖರ್ಚೆಲ್ಲ ಒಂದೇ ಕಡೆಗೆ ಬೀಳುತ್ತಿತ್ತು.

ಈ ಮಾತು ನಮ್ಮ ಮನೆಯೊಂದರದ್ದೇ ಆಗಿದ್ದರೆ ಪತ್ರಿಕೆಯಲ್ಲಿ ಬರೆಯುವ ಅಗತ್ಯವಿರಲಿಲ್ಲ. ರಾಮಕುಂಜದಿಂದ ಕುಮಾರಧಾರೆಯನ್ನು ದಾಟಿ ತೆಂಕಲಾಗಿ ಹೋದರೆ ಬೆಳ್ಳಾರೆ; ಅದರಾಚೆಗೆ ಸುಳ್ಯ. ಅಮರ ಸುಳ್ಯ, ಪುತ್ತೂರು ಸೀಮೆಯ ಮಾಗಣೆಗಳು ಕೊಡಗಿನ ಅರಸರ ಕೈಯಲ್ಲಿದ್ದಷ್ಟು ಕಾಲ ಅಲ್ಲಿನ ರೈತರು ತೀರ್ವೆಯನ್ನು ಬೆಳೆಯ ರೂಪದಲ್ಲಿ ಸಲ್ಲಿಸುತ್ತಿದ್ದರು. ೧೮೩೪ರಲ್ಲಿ ಕಂಪೆನಿಯವರು ಚಿಕ್ಕವೀರರಾಜನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡು, ಈ ಮಾಗಣೆಗಳನ್ನು ಕನ್ನಡ ಜಿಲ್ಲೆಗೆ ಸೇರಿಸಿದರು. ಅಲ್ಲಿಂದ ಮುಂದೆ ತೀರ್ವೆಯನ್ನು ನಗದಾಗಿ ಕೊಡಬೇಕೆಂದಾಯಿತು. ಮರುವರ್ಷವೇ, ಅಂದರೆ ೧೮೩೫ರಲ್ಲಿ, ಕಂಪೆನಿಯ ಆಳ್ವಿಕೆಯ ಪ್ರದೇಶಕ್ಕೆಲ್ಲ ಒಂದೇ ಬಗೆಯ ಬೆಳ್ಳಿಯ ರೂಪಾಯಿ ಜಾರಿಗೆ ಬಂತು.

ಮೇಲುನೋಟಕ್ಕೆ ಇದರಲ್ಲಿ ಅನ್ಯಾಯವೇನೂ ಕಾಣದು. ಹತ್ತು ರೂಪಾಯಿಯ ಅಕ್ಕಿ ಕೊಡುವವನು ಹತ್ತು ರೂಪಾಯಿಯನ್ನೇ ಕೊಟ್ಟರೆ ವ್ಯತ್ಯಾಸವೇನು? ಕಾಗದದ ಮೇಲೆ ಏನೂ ಇಲ್ಲ. ಗದ್ದೆಯ ಬದುವಿನಲ್ಲಿ ಬಹಳವಿದೆ. ಅಕ್ಕಿಯನ್ನೇ ಕೊಡುವಾಗ ಅದನ್ನು ಅಟ್ಟದಲ್ಲಿರಿಸಿ ಒಳ್ಳೆಯ ಬೆಲೆಗಾಗಿ ಕಾಯುವ ಕೆಲಸ ಅರಸನದು. ನಗದು ಕೊಡಬೇಕಾದಾಗ ರೈತನು ಕಿಸ್ತಿನ ದಿನಕ್ಕೆ ಮುಂಚೆ ಮಾರಲೇಬೇಕು. ಅವನೊಬ್ಬನೇ ಅಲ್ಲ, ಊರಿಗೆ ಊರೇ ಒಮ್ಮೆಲೇ ಮಾರಬೇಕು. ಕೊಳ್ಳುವವನಿಗೆ ಅವಸರವಿಲ್ಲ. ಇಲ್ಲವೆಂದಾದರೆ ಸಾಹುಕಾರನಿಂದ ಸಾಲ ತಂದು ಕಿಸ್ತು ಕಟ್ಟಬೇಕು. ಅದರ ಮೇಲೆ ಕಾಲವೂ ಕೆಟ್ಟದಾಗಿತ್ತು. ೧೮೨೫ರಿಂದ ಸುಮಾರು ಮೂವತ್ತು ವರ್ಷ ಮದರಾಸು ಪ್ರಾಂತದಲ್ಲೆಲ್ಲ ಧಾನ್ಯದ ಬೆಲೆ ಕುಗ್ಗಿತ್ತೆಂದು ಪಿ. ಜೆ. ಥಾಮಸ್ ಮತ್ತು ಬಿ. ನಟರಾಜನ್ ಎಂಬ ವಿದ್ವಾಂಸರು ೧೯೩೬ರಲ್ಲಿ ತೋರಿಸಿಕೊಟ್ಟಿದ್ದಾರೆ. ಬೆಲೆ ಇಳಿದರೂ ತೀರ್ವೆ ಇಳಿಯುವುದಿಲ್ಲ. ನಗದು ತೀರ್ವೆ ಮೊದಲೇ ಇದ್ದ ಕನ್ನಡ ಜಿಲ್ಲೆಯ ಉಳಿದ ಭಾಗಗಳಲ್ಲಿಯೂ ೧೮೩೦–೩೧ರಲ್ಲಿ ರೈತರು ಕೂಟಗಳಾಗಿ ಸೇರಿ ತೀರ್ವೆ ಕೊಡುವುದಿಲ್ಲವೆಂದು ನಿಂತಿದ್ದರು.

೧೮೩೭ರ ಮಾರ್ಚಿನ ಕೊನೆಗೆ ಸುಳ್ಯದ ಕಡೆಯಲ್ಲಿ ದಂಗೆ ಎದ್ದಿತು. ಕಲ್ಯಾಣಸ್ವಾಮಿಯ ಹೆಸರು ಹೊತ್ತ ಪುಟ್ಟಬಸಪ್ಪ, ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರು ಮುಂದಾಳುಗಳು. ಬೆಳ್ಳಾರೆಯಲ್ಲಿ ಖಜಾನೆಗೆ ಕೈಹಾಕಿ, ಪುತ್ತೂರು ಬಂಟವಾಳಗಳನ್ನು ಹಾದು, ಎಪ್ರಿಲ್ ೫ರಂದು ಮಂಗಳೂರನ್ನು ಸೇರಿ ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟವನ್ನೇರಿಸಿದರು. ಹದಿಮೂರು ದಿನಗಳ ರಾಜ್ಯಭಾರ. ಆಮೇಲೆ ಕಂಪೆನಿಯ ಸೈನ್ಯ, ಬಿಕರ್ನಕಟ್ಟೆಯ ನೇಣು. ನಿರಂಜನರು ಇದನ್ನೇ ವಸ್ತುವಾಗಿರಿಸಿಕೊಂಡು 'ಕಲ್ಯಾಣಸ್ವಾಮಿ' ಎಂಬ ಕಾದಂಬರಿಯನ್ನು ಬರೆದಿದ್ದಾರೆ. ೨೦೨೨ರಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆಯೂ ನಿಂತಿತು. ದಂಗೆಗೆ ಕಾರಣ ತೀರ್ವೆಯೊಂದೇ ಅಲ್ಲ. ಕೊಡಗಿನ ಅರಸುಮನೆತನದ ಮೇಲಣ ನಿಷ್ಠೆಯೂ ಇತ್ತು. ಅರಸರ ಕಾಲ ಸುಖದ ಕಾಲವೆಂದು ನಾನು ಹೇಳುವುದೂ ಇಲ್ಲ. ಆದರೆ ಸೀನಿಯರನ ಗ್ರಂಥ ಅಚ್ಚಾದ ಮರುವರ್ಷವೇ, ಕಾಯುವ ಅವಕಾಶವನ್ನು ಕಳಕೊಂಡ ರೈತರು ಖಜಾನೆಯ ಬಾಗಿಲಿಗೆ ಬಂದು ನಿಂತರೆಂಬುದು ಚಿಂತಿಸತಕ್ಕ ವಿಷಯ. ಇವರಿಗೆ ಸಂಯಮ ಕಡಿಮೆಯೆಂದು ಆಕ್ಸ್‌ಫರ್ಡಿನಲ್ಲಿ ಕುಳಿತು ಹೇಳಬಹುದಿತ್ತು.

ಇತ್ತೀಚಿನ ಅರ್ಥಶಾಸ್ತ್ರಜ್ಞರು ಈ ವಿಷಯವನ್ನು ಊಹೆಗೆ ಬಿಡದೆ ಪರೀಕ್ಷಿಸಿ ನೋಡುತ್ತಿರುವುದು ಸಂತೋಷದ ಸಂಗತಿ. ಆಫ್ರಿಕದ ಕೆನ್ಯಾದಲ್ಲಿ ಮೆಕ್ಕೆಜೋಳ ಬೆಳೆಯುವ ಸಣ್ಣ ರೈತರು ಕೊಯ್ಲಿನಲ್ಲಿ ಅಗ್ಗಕ್ಕೆ ಮಾರಿ, ಕೆಲವು ತಿಂಗಳ ಮೇಲೆ ಅದೇ ಜೋಳವನ್ನು ತುಟ್ಟಿಗೆ ಕೊಳ್ಳುವುದು ವಾಡಿಕೆ. ಕೊಯ್ಲಿನ ಹೊತ್ತಿಗೆ ಅವರಿಗೆ ಸ್ವಲ್ಪ ಸಾಲ ಸಿಕ್ಕುವಂತೆ ಮಾಡಿದರೆ ಏನಾದೀತೆಂದು ಕೆಲವು ಸಂಶೋಧಕರು ನೋಡಿದರು. ಫಲಿತಾಂಶ ೨೦೧೯ರಲ್ಲಿ ಪ್ರಕಟವಾಯಿತು. ಸಾಲ ಸಿಕ್ಕಿದವರು ಜೋಳವನ್ನು ಮಾರದೆ ಇರಿಸಿಕೊಂಡರು, ಬೆಲೆ ಏರಿದ ಮೇಲೆ ಮಾರಿದರು, ಲಾಭವನ್ನೂ ಪಡೆದರು. ಅವರಿಗೆ ಯಾರೂ ಸಂಯಮದ ಪಾಠ ಹೇಳಿರಲಿಲ್ಲ. ಗುಣ ಮೊದಲೇ ಇತ್ತು. ಇಲ್ಲದಿದ್ದದ್ದು ಕೈಗೆ ನಾಲ್ಕು ಕಾಸು.

ನಮ್ಮ ಮನೆಗೆ ಆ ಅವಕಾಶ ಬಂದದ್ದು ೧೯೭೪ರಲ್ಲಿ. ಆ ವರ್ಷದ ಮಾರ್ಚ್ ಒಂದರಿಂದ ಭೂಸುಧಾರಣೆಯ ತಿದ್ದುಪಡಿ ಕಾನೂನು ಜಾರಿಗೆ ಬಂತು. ತಂದೆ ಅರ್ಜಿ ಹಾಕಿದರು, ನ್ಯಾಯಮಂಡಳಿಯ ಮುಂದೆ ನಿಂತರು, ಭೂಮಿ ನಮ್ಮದಾಯಿತು. ಆಮೇಲಿನ ಮೊದಲ ಏಣೇಲಿನ ಮುಡಿಗಳನ್ನು ನಮ್ಮ ಅಟ್ಟಕ್ಕೇರಿಸಿದಾಗ ಜಂತಿಗಳು ಭಾರ ತಾಳಲಾರವೆಂದು ಅಮ್ಮ ಹೆದರಿದ್ದರು. ಮುಂದಿನ ಆಟಿಯಲ್ಲಿ ತಂದೆ ಗೊರಬೆ ಹೊದ್ದು ಎಲ್ಲಿಗೂ ಹೋಗಲಿಲ್ಲ. ಅವರು ಹಿಂದಿನ ಆಟಿಗಿಂತ ಹೆಚ್ಚು ಗುಣವಂತರಾದರೆಂದು ನನಗೇನೂ ಕಾಣಲಿಲ್ಲ. ಅದೇ ಮನುಷ್ಯ, ಅದೇ ಹುಲ್ಲಿನ ಹಗ್ಗ, ಅದೇ ಗಂಟು.

ಅವರು ನಿಧಾನವಾಗಿ ಗದ್ದೆಯ ಒಂದಂಶಕ್ಕೆ ಅಡಿಕೆ ಸಸಿ ಹಾಕಿದರು. ಅಡಿಕೆ ಫಲ ಕೊಡಬೇಕಾದರೆ ಐದಾರು ವರ್ಷವಾದರೂ ಬೇಕು. ಅಷ್ಟು ಕಾಲ ಗೊಬ್ಬರ ಹೊತ್ತು, ನೀರು ಮೊಗೆದು, ಅರ್ಧ ಹೊಟ್ಟೆಯಲ್ಲಿ ಕಾದರು. ಕಾಯುವುದು ಧನಿಕರ ಗುಣವೆಂದು ಯಾರಾದರೂ ಹೇಳಿದರೆ ನಾನು ಆ ತೋಟವನ್ನು ತೋರಿಸುತ್ತೇನೆ.

ಈಗ ನನ್ನ ಅಡಿಕೆಯ ವಿಚಾರ. ನಮ್ಮಲ್ಲಿ ಹಣ್ಣಡಿಕೆಯನ್ನು ಅಂಗಳದಲ್ಲಿ ತಿಂಗಳೂವರೆ ಒಣಗಿಸಿ, ಸುಲಿದು ಚಾಲಿ ಮಾಡುತ್ತಾರೆ. ಪತ್ರಿಕೆಯ ಧಾರಣೆಯ ಮೂಲೆಯನ್ನು ನೋಡಿದವರಿಗೆ ಗೊತ್ತು: ಹೊಸ ಅಡಿಕೆಗೆ ಒಂದು ಬೆಲೆ, ವರ್ಷ ಇರಿಸಿದ ಸಿಂಗಲ್ ಚೋಲಿಗೆ ಇನ್ನೊಂದು, ಮತ್ತೂ ಇರಿಸಿದ ಡಬಲ್ ಚೋಲಿಗೆ ಮತ್ತೊಂದು. ಸಾಮಾನ್ಯವಾಗಿ ಹಳತಾದಷ್ಟು ಬೆಲೆ ಹೆಚ್ಚು. ಸೀನಿಯರ್ ಹೇಳಿದ ಸಂಭಾವನೆಯನ್ನು ದಿನದಿನವೂ ಅಂಕೆಯಲ್ಲಿ ಅಚ್ಚು ಮಾಡುವ ಊರು ನಮ್ಮದಲ್ಲದೆ ಬೇರೆ ಎಷ್ಟಿರಬಹುದು! ಆ ಸಂಭಾವನೆಯನ್ನು ಈಚೆಗೆ ನಾನೂ ಪಡೆಯುತ್ತಿದ್ದೇನೆ. ಮಗಳ ಮದುವೆಯ ವರ್ಷ ಹೊಸ ಅಡಿಕೆಯನ್ನು ಬಿಸಿ ಆರುವ ಮೊದಲೇ ಮಾರಿದವನೂ ನಾನೇ. ಮದುವೆಯ ವರ್ಷದಲ್ಲಿ ನನಗೆ ಸಂಯಮ ತಪ್ಪಿತ್ತೆ? ಮುಹೂರ್ತ ನಿಶ್ಚಯವಾಗಿತ್ತು, ಅಷ್ಟೆ.

ಒಬ್ಬನಿಗೆ ಕಾಯಲಾಗದಿದ್ದರೆ ಹಲವರು ಸೇರಿ ಕಾಯಬಹುದೆಂಬ ಯೋಚನೆ ನಮ್ಮ ಸೀಮೆಗೆ ಹೊಸತಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿಯೇ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರದ ಬೀಜ ಬಿತ್ತಿದರು. ೧೯೭೦–೭೧ರಲ್ಲಿ ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗಾಲಾದ ಮೇಲೆ, ೧೯೭೩ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ ಕೇರಳಗಳ ಬೆಳೆಗಾರರಿಗಾಗಿ ಕ್ಯಾಂಪ್ಕೊ ಹುಟ್ಟಿತು. ಅಂಥ ಸಂಸ್ಥೆಯ ಗೋದಾಮನ್ನು ಊರಿನ ಎಲ್ಲರ ಅಟ್ಟವೆಂದು ತಿಳಿದರೆ ಅದರ ಮರ್ಮ ತಿಳಿದಂತೆ. ಅದರ ಲೆಕ್ಕಪತ್ರದಲ್ಲಿ ಇರುವುದು ಅಡಿಕೆಯ ತೂಕ. ಅದರ ನಿಜವಾದ ಕೆಲಸ, ಬೆಳೆದವನಿಗೂ ಬೆಲೆಗೂ ನಡುವೆ ಸ್ವಲ್ಪ ಸಮಯವನ್ನು ಒದಗಿಸುವುದು.

ಆದರೂ ಹೊರಗುಳಿದವರು ಉಳಿದೇ ಇದ್ದಾರೆ. ನಮ್ಮ ಬೈಲಿನಲ್ಲಿಯೇ ಅರ್ಧ ಎಕರೆಯ ತೋಟವಿರುವವರು, ಒಣಗಿಸುವ ಅಂಗಳವಿಲ್ಲದವರು, ಹಣ್ಣಡಿಕೆಯನ್ನೇ ವ್ಯಾಪಾರಿಗೆ ತೂಗಿಕೊಡುವುದುಂಟು. ಅಡಿಕೆ ಸುಲಿಯಲು ಬರುವವರಿಗೆ ಇರಿಸಿ ಮಾರುವಂಥದ್ದು ಏನೂ ಇಲ್ಲ. ಇಂದಿನ ದುಡಿಮೆಯನ್ನು ಡಬಲ್ ಚೋಲ್ ಮಾಡಿ ಮಾರಲಾಗುವುದಿಲ್ಲ. ಶಾಸ್ತ್ರವನ್ನು ಓದುವ ಹೊಸ ತಲೆಮಾರು ಹಳೆಯ ಪದಗಳ ಹುಟ್ಟನ್ನು ಕೆದಕುವುದು ಒಳ್ಳೆಯದೇ. ಕೆದಕುವಾಗ, ಕಾದವನಿಗೆ ಎಷ್ಟು ಸಂದಿತೆಂದು ನೋಡುವುದರ ಜೊತೆಗೆ, ಅವನು ಕಾಯುತ್ತಿದ್ದಾಗ ಅವನ ಮನೆಯ ಒಲೆ ಯಾವುದರಿಂದ ಉರಿಯುತ್ತಿತ್ತೆಂಬುದನ್ನೂ ನೋಡಲಿ.